ಕಪ್ಪು ಮೈಬಣ್ಣದ ಭಾವಚಿತ್ರ: ಚರ್ಮ ಬೂದಿ ಆಗತೈತಿ, ಫೋಟೋ ಟ್ರಾನ್ಸ್‌ಫರ್ ಕೂಡವಲ್ದು

ಕುಂಚ_ಬೆಳಗಾವಿ:
ನಮಸ್ಕಾರ್ರಿ. ನೈಜೀರಿಯಾದಾಗ ಹುಟ್ಟಿ ಅಮೆರಿಕಾದಾಗ ಇರೋ ಕಲಾವಿದೆ ನ್ಜಿಡೆಕಾ ಅಕುನ್ಯಿಲಿ ಕ್ರಾಸ್ಬಿ ಅವರು ಬಣ್ಣದ ಜೋಡಿ ಫೋಟೋ ಇಳಸಿ, ಬಟ್ಟಿ ಅಂಟಿಸೋ ರೀತಿ ಹಿಡದು, ಖಾನಾಪುರ ಕಡೆಯ ಸಿದ್ದಿ ಸಮಾಜದ (ಆಫ್ರಿಕಾ ಮೂಲದವರು) ಹಿರಿಯ ಹೆಣ್ಣಮಗಳೊಬ್ಬರ ಭಾವಚಿತ್ರ ನಡದೈತಿ. 300 ಜಿಎಸ್‌ಎಂ ಪೇಪರ್, 22×30 ಇಂಚು. ಅಕ್ರಿಲಿಕ್ ಬಣ್ಣ ಹಚ್ಚಿ, ಅದರ ಮ್ಯಾಲೆ ಅಸಿಟೋನ್ ದ್ರಾವಕದಲೇ ಹಳೇ ಫೋಟೋದ ಝೆರಾಕ್ಸ್ ಇಳಸಾಕ (ಟ್ರಾನ್ಸ್‌ಫರ್ ಮಾಡಾಕ) ಹೋದ್ರ ಬಣ್ಣಾನ ಕಿತ್ತು ಬರತೈತಿ. ಮುಖ ಬೂದಿ ಬಳದಂಗ ಕಾಣತೈತಿ. ಕುಪ್ಪಸದ ಜಾಗಾಕ ಅಂಟಿಸಿದ ಗುಳೇದಗುಡ್ಡ ಖಣ ಅಂಚಿಗೆ ಏಳತೈತಿ. ಚಿತ್ರದಾಗ ಹಿಂದಿನ ಗ್ವಾಡಿಗೆ ಆಫ್ರಿಕಾದ ವ್ಯಾಕ್ಸ್ ಪ್ರಿಂಟ್ (ಗಾಢ ಬಣ್ಣದ ಅಚ್ಚಿನ) ಬಟ್ಟೆ ತರಸ್ಲೇನ್ರಿ?

ಘಟಪ್ರಭಾ_ಬಾಗಲಕೋಟೆ:
ಕ್ರಮಾನ ತಲಿಕೆಳಗ ಆಗೇತ್ರಿ. ಅಸಿಟೋನ್ ಅಕ್ರಿಲಿಕ್ಕನ್ನ ಕರಗಸ್ತೈತಿ. ಮೊದಲ ಖಾಲಿ ಪೇಪರಿಗೆ ಫೋಟೋ ಇಳಸ್ರಿ, ಆಮ್ಯಾಲೆ ಬಣ್ಣ. ಜೆಸ್ಸೋ (ಬಣ್ಣಕ್ಕ ಮೊದಲ ಹಚ್ಚೋ ಬಿಳಿ ತಳಲೇಪ) ಹಚ್ಚಿದ ಜಾಗಾನೂ ಬ್ಯಾಡ, ಅದೂ ಅಕ್ರಿಲಿಕ್ಕೇ.

ಇಳಸೋ ಫೋಟೋದ ಪ್ರತಿ ಟೋನರ್ (ಪುಡಿ ಶಾಯಿ) ಝೆರಾಕ್ಸಿಂದೇ ಆಗಬೇಕು, ಇಂಕ್‌ಜೆಟ್ ನಡೆಯಂಗಿಲ್ಲ. ಅಂಗಡ್ಯಾಗ ಮಿರರ್ ಮಾಡಿಸಿ ತಗೀರಿ, ಇಲ್ಲಂದ್ರ ಅಕ್ಷರ ಉಲ್ಟಾ ಬೀಳತಾವು. ಪ್ರತಿಯ ಮುಖ ಕೆಳಗ ಮಾಡಿ ಟೇಪ್ ಹಚ್ಚಿ, ಹತ್ತಿ ಅಸಿಟೋನ್‌ನಾಗ ಅದ್ದಿ ಹಿಂಡಿ ಪ್ರತಿಯ ಬೆನ್ನಿಗೆ ಒತ್ತಿ, ಸ್ಟೀಲ್ ಚಮಚದ ಬೆನ್ನಿಲೇ ತಿಕ್ಕರಿ. ಒಂದ ಮೂಲಿ ಎತ್ತಿ ನೋಡಿ, ಸರಿ ಇಳದಿದ್ರಷ್ಟೇ ಪೂರ್ತಿ ತಗೀರಿ. ಹತ್ತಿ ತೊಟ್ಟಿಕ್ಕುವಷ್ಟು ತೊಯ್ದಿದ್ರ ಟೋನರ್ ಹರದು ಕಲಿ ಆಗತೈತಿ. ನಮ್ಮ ಬ್ಯಾಸಗ್ಯಾಗ ಅಸಿಟೋನ್ ನೋಡನೋಡತ ಆರಿ ಹೋಗತೈತಿ, ಅದಕ್ಕ ಒಂದ ಸಲಕ್ಕ 3-4 ಇಂಚಿನ ತುಂಡಷ್ಟೇ. ನೇಲ್ ಪಾಲಿಶ್ ರಿಮೂವರ್ ಬ್ಯಾಡ, ಅದರಾಗ ಎಣ್ಣಿ ಬೆರಸಿರ್ತಾರ. ಕಿಟಕಿ ತಗದಿರ್ಲಿ, ಸನೇದಾಗ ಒಲಿ, ಊದಬತ್ತಿ ಯಾವುದೂ ಬ್ಯಾಡ.

ಗುಮ್ಮಟದೂರು_ವಿಜಯಪುರ:
ಬೂದಿ ಆಗೋದು ಕಪ್ಪಿಗೆ ಬಿಳಿ ಬೆರಸೋದ್ರಿಂದ. ಕಪ್ಪು ಡಬ್ಬಿ ಬದಿಗಿಡ್ರಿ. ಬರ್ನ್ಟ್ ಅಂಬರ್ 2 ಪಾಲು, ಅಲ್ಟ್ರಾಮರೀನ್ ನೀಲಿ 1 ಪಾಲು, ಒಂದೀಟು ಅಲಿಜರಿನ್ ಕ್ರಿಮ್ಸನ್, ಇದು ತಳಬಣ್ಣ. ಬೆಳಕು ಬಿದ್ದ ಗಲ್ಲಕ್ಕ ಬರ್ನ್ಟ್ ಸಿಯೆನಾ ಮತ್ತ ಯೆಲ್ಲೋ ಓಕರ್. ಹಣೀ ಹೊಳಪಿಗೆ ತೆಳ್ಳಗ ನೀಲಿ ಇಲ್ಲಾ ನೇರಳೆ. ಟೈಟೇನಿಯಂ ಬಿಳಿ ಕಣ್ಣಾಗೂ ನೇರ ಹಚ್ಚಬ್ಯಾಡ್ರಿ, ಮುಖದಿಂದ ಕಿತ್ತು ಹೊರಗ ಬಂದಂಗ ಕಾಣ್ತದ. ಅಕ್ರಿಲಿಕ್ ಆರಿದ ಮ್ಯಾಲೆ ಒಂದು ಛಾಯೆ ಗಾಢ ಆಗ್ತದ, ಚೂರು ಪೇಪರಿನ ಮ್ಯಾಲೆ ಒಣಗಿಸಿ ನೋಡೇ ಮುಖಕ್ಕ ಕೈ ಹಚ್ರಿ.

ಕಪ್ಪೇ ಬೇಕಂದ್ರ ಅಮೆರಿಕಾದ ಚಿತ್ರಕಾರ ಕೆರ್ರಿ ಜೇಮ್ಸ್ ಮಾರ್ಷಲ್ ಅವರ ದಾರಿ ಅದ: ಐವರಿ, ಕಾರ್ಬನ್, ಮಾರ್ಸ್ ಅಂತ ಮೂರು ಕಪ್ಪು, ಅವಕ್ಕ ಕೋಬಾಲ್ಟ್ ನೀಲಿ, ಕ್ರೋಮ್ ಆಕ್ಸೈಡ್ ಹಸಿರು, ಡಯಾಕ್ಸಜೀನ್ ನೇರಳೆ ಬೆರಸ್ತಾರ. ಅಲ್ಲಿಯ ಇನ್ನೊಬ್ಬ ಚಿತ್ರಕಾರ್ತಿ ಎಮಿ ಶೆರಾಲ್ಡ್ 2018ರ ಮಿಶೆಲ್ ಒಬಾಮಾ ಚಿತ್ರದಾಗ ಚರ್ಮ ಬೂದು ಮಾಡ್ಯಾರ ಖರೆ, ಆದ್ರ ಅದು ಬೇಕಂತ್ಲೇ ಮಾಡಿದ್ದು. ನಿಮ್ಮದು ತಪ್ಪಿ ಆದ ಬೂದು. ಅಷ್ಟು ದೂರ ಯಾಕ, ನಮ್ಮ ಆದಿಲ್‌ಶಾಹಿ ಚಿತ್ರಗಳನ್ನ ನೋಡ್ರಿ. ಸುಲ್ತಾನ ಮುಹಮ್ಮದನ ಜೋಡಿ ಆನಿ ಮ್ಯಾಲೆ ಕೂತ ಹಬ್ಶಿ (ಆಫ್ರಿಕಾ ಮೂಲದ) ಮಂತ್ರಿ ಇಖ್ಲಾಸ್ ಖಾನನ ಚಿತ್ರ 1645ರ ಸುಮಾರಿಂದು.

ಘಟಪ್ರಭಾ_ಬಾಗಲಕೋಟೆ:
ಖಣ ಏಳಾಕ ಗಂಜಿ ಕಾರಣ, ಅಂಟು ಒಳಗ ಇಳಿಯಾಕ ಬಿಡಂಗಿಲ್ಲ. ಉಗುರುಬೆಚ್ಚನೆ ನೀರಾಗ ತೊಳದು, ಬಣ್ಣ ಬಿಡೋದು ನಿಂತ ಮ್ಯಾಲೆ ಒಣಗಿಸಿ ಇಸ್ತ್ರಿ ಮಾಡ್ರಿ. ಪೇಪರಿಗೂ ಬಟ್ಟಿ ಬೆನ್ನಿಗೂ ಮ್ಯಾಟ್ ಮೀಡಿಯಂ (ಹೊಳಪಿಲ್ಲದ ಅಕ್ರಿಲಿಕ್ ಅಂಟು) ಹಚ್ಚಿ, ನಡುವಿನಿಂದ ಅಂಚಿಗೆ ಗಾಳಿ ಒತ್ತಿ ತಗೀರಿ, ಮ್ಯಾಲೆ ಪ್ಲಾಸ್ಟಿಕ್ ಹಾಳಿ ಹಾಕಿ ರಾತ್ರಿಪೂರ್ತಿ ಭಾರ ಇಡ್ರಿ. ಪೇಪರ್ ಬಾಗಿದ್ರ ಬೆನ್ನಿಗೂ ಒಂದ ಕೈ ಮೀಡಿಯಂ.

ಗುಮ್ಮಟದೂರು_ವಿಜಯಪುರ:
ವ್ಯಾಕ್ಸ್ ಪ್ರಿಂಟ್ ಬ್ಯಾಡ್ರಿ. ಕ್ರಾಸ್ಬಿ ಇಳಸೋ ಫೋಟೋ ನೈಜೀರಿಯಾದ ಪತ್ರಿಕೆ, ತಮ್ಮ ಮನೀ ಆಲ್ಬಮ್ಮಿನವು, ಅಲಂಕಾರಕ್ಕ ತಂದವಲ್ಲ. ಖಾನಾಪುರದ ಅಮ್ಮಾರಿಗೂ ನೈಜೀರಿಯಾದ ಲಾಗೋಸಿನ ಬಟ್ಟಿಗೂ ಏನು ಸಂಬಂಧ? ಸಿದ್ದಿ ಹೆಣ್ಣಮಕ್ಕಳು ಹಳೇ ಬಟ್ಟಿ ತುಂಡು ಜೋಡಿಸಿ, ಅಂಚಿನಿಂದ ನಡುವಿಗೆ ಹೊಲೀತಾ ಬರೋ ಕೌದಿ ಅದಲ್ಲ, ಮೂಲಿಗೆ ಮುಕ್ಕೋನದ ‘ಫುಲಾ’ ಇಡೋದು, ಅದನ್ನ ಫೋಟೋ ತಗದು ಝೆರಾಕ್ಸ್ ಮಾಡಿ ಗ್ವಾಡಿಗೆ ಇಳಸ್ರಿ. ಅವರ ಕೌದಿ ಕತ್ತರಿಸಾಕ ಹೋಗಬ್ಯಾಡ್ರಿ. ಖಣಾನೂ ಅವರು ತೊಡೋದಿದ್ರ ಇರ್ಲಿ, ಇಲ್ಲಂದ್ರ ತಗೀರಿ. ಅವರನ್ನೇ ಕೇಳ್ರಿ.

ಕುಂಚ_ಬೆಳಗಾವಿ:
ಕೌದಿ ಮಾತು ಒಪ್ಪಿದೆ. ಕಡೀಗೆ ಕಲರ್ ಪೆನ್ಸಿಲ್ ಕೆಲಸ ಮಾಡಿದ್ರ ವಾರ್ನಿಶ್ ಹೊಡೀಬಹುದೇನ್ರಿ?

ಘಟಪ್ರಭಾ_ಬಾಗಲಕೋಟೆ:
ಬ್ರಶ್‌ಲೇ ಬ್ಯಾಡ, ಪೆನ್ಸಿಲ್ ಎಳೀತೈತಿ. ಸ್ಪ್ರೇ ಆದ್ರ 12 ಇಂಚು ದೂರದಿಂದ ಎರಡು ತೆಳು ಕೈ, ಮೊದಲ ಮೂಲ್ಯಾಗ ಹೊಡದು ಟೋನರ್ ಕರಗೂದಿಲ್ಲ ಅಂತ ಖಾತ್ರಿ ಮಾಡ್ಕೋರಿ. ಗಾಜಿನ ಫ್ರೇಮ್ ಹಾಕೋದಿದ್ರ ವಾರ್ನಿಶ್ ಬೇಕಾಗಿಲ್ಲ, ಆದ್ರ ಗಾಜು ಖಣಕ್ಕ ತಾಕದಂಗ ಸುತ್ತ ಮೌಂಟ್ ಬೋರ್ಡ್ ಕೊಡಸ್ರಿ.