ಪೋಪನನ್ನೇ ಇಳಿಸಿದ ಸಭೆ ಯಾನ್ ಹುಸ್‌ನನ್ನು ಯಾಕೆ ಸುಟ್ಟಿತು?

ಪುಟದ_ಮೂಲೆ ಕೇಳಿದ್ದು:

ಯುರೋಪಿನ ಚರ್ಚ್ ಸುಧಾರಣೆ ಬಗ್ಗೆ ಓದುತ್ತಾ ಒಂದು ಕಡೆ ತಲೆ ಕೆಟ್ಟು ಕೂತಿದ್ದೇನೆ. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

1415ರ ಮೇ 29. ಜರ್ಮನಿಯ ಕಾನ್‌ಸ್ಟನ್ಸ್ ಊರಲ್ಲಿ ಸೇರಿದ್ದ ಚರ್ಚಿನ ಮಹಾಸಭೆ ಪೋಪ್ 23ನೇ ಜಾನ್‌ನನ್ನು ಪದವಿಯಿಂದ ಇಳಿಸಿತು. ಚರ್ಚಿನ ಹುದ್ದೆಗಳನ್ನು ದುಡ್ಡಿಗೆ ಮಾರಿದ್ದ, ನಡತೆಯೂ ನೆಟ್ಟಗಿರಲಿಲ್ಲ ಅಂತ ಆರೋಪ. ಅದೇ ವರ್ಷ ಜುಲೈ 6ಕ್ಕೆ ಅದೇ ಸಭೆ ಪ್ರಾಗ್‌ನ ಪಾದ್ರಿ ಯಾನ್ ಹುಸ್‌ನನ್ನು ಧರ್ಮದ್ರೋಹಿ ಅಂತ ತೀರ್ಮಾನಿಸಿತು, ಅವತ್ತೇ ಸುಟ್ಟರು. ನಡುವೆ ಆರು ವಾರವೂ ಇಲ್ಲ.

ಹುಸ್ ಬೈಯುತ್ತಿದ್ದದ್ದೂ ಹುದ್ದೆ ಮಾರುವವರನ್ನೇ ಅಲ್ವಾ? ಹಾಗಿದ್ದರೆ ಸಭೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕಿತ್ತು. ಪಠ್ಯಪುಸ್ತಕಗಳು ಚರ್ಚನ್ನು ಮೊದಲೇ ಪ್ರಶ್ನಿಸಿದವರು ಅಂತ ಇಂಗ್ಲೆಂಡಿನ ವಿಕ್ಲಿಫ್, ಹುಸ್ ಎರಡು ಹೆಸರು ಹೇಳಿ, ನೂರು ವರ್ಷ ಆಮೇಲೆ ಬಂದ ಜರ್ಮನಿಯ ಸುಧಾರಕ ಲೂಥರ್‌ಗೆ ಸೀದಾ ಹಾರಿಬಿಡುತ್ತವೆ. ನಡುವೆ ಏನಾಯಿತು ಅಂತ ಯಾರೂ ಹೇಳಲ್ಲ.

ಹಳೇ_ಗಡಿಯಾರ:

ಹುಸ್ ಭ್ರಷ್ಟಾಚಾರ ಬೈದಿದ್ದಕ್ಕೆ ಸತ್ತ ಅನ್ನುವುದು ಅರ್ಧ ಮಾತ್ರ ನಿಜ. ಆ ಕಾಲದಲ್ಲಿ ಚರ್ಚಿನ ಭ್ರಷ್ಟಾಚಾರವನ್ನು ಬೈಯದವರೇ ಕಡಿಮೆ. ಕಾನ್‌ಸ್ಟನ್ಸ್‌ನಲ್ಲಿ ಹುಸ್‌ನನ್ನು ಪ್ರಶ್ನೆ ಮಾಡಿದ ಕಾರ್ಡಿನಲ್ ಪಿಯೆರ್ ದೈಯಿ ಬೈದಿದ್ದ. ಪ್ಯಾರಿಸ್ ವಿಶ್ವವಿದ್ಯಾಲಯದ ಜಾನ್ ಗೆರ್ಸನ್ ಇನ್ನೂ ಜಾಸ್ತಿ ಬೈದಿದ್ದ. ಇಬ್ಬರೂ ಸುಧಾರಣೆ ಆಗಲೇಬೇಕು ಅನ್ನುತ್ತಿದ್ದವರು. ಇಬ್ಬರೂ ಹುಸ್‌ಗೆ ವಿರುದ್ಧವಾಗಿಯೇ ನಿಂತರು.

ಅವರ ಸಿಟ್ಟು ಎಲ್ಲಿತ್ತು ಅಂತ ನೋಡಬೇಕಾದರೆ 1415ರ ಜೂನ್ 8ರ ವಿಚಾರಣೆಯನ್ನು ಹತ್ತಿರದಿಂದ ನೋಡಬೇಕು. ಹುಸ್ ಜೊತೆ ಹೋಗಿದ್ದ ಮ್ಲಾದೊನೊವಿತ್ಸೆಯ ಪೀಟರ್ ಅನ್ನುವವನು ನಡೆದದ್ದನ್ನೆಲ್ಲ ಬರೆದಿಟ್ಟಿದ್ದಾನೆ. ಅದರಲ್ಲಿ ಒಂದು ಜಾಗ ಇದೆ. ದೊಡ್ಡ ಪಾಪದಲ್ಲಿ ಮುಳುಗಿದ ಪೋಪ್, ಬಿಷಪ್ ದೇವರ ಕಣ್ಣಲ್ಲಿ ಯೋಗ್ಯ ಪೋಪ್, ಯೋಗ್ಯ ಬಿಷಪ್ ಅಲ್ಲ ಎಂಬ ಹುಸ್‌ನ ಮಾತಿನ ಬಗ್ಗೆ ಚರ್ಚೆ ನಡೆಯುತ್ತಿತ್ತು. ಹುಸ್ ಸುಮ್ನೆ ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ರಾಜನಿಗೂ ಇದೇ ಮಾತು ಅಂದುಬಿಟ್ಟ.

ಜರ್ಮನಿಯ ರಾಜ ಸಿಗಿಸ್ಮಂಡ್ ಆ ಹೊತ್ತಿಗೆ ಕಿಟಕಿ ಹತ್ತಿರ ನಿಂತು ಬೇರೆಯವರ ಜೊತೆ ಮಾತಾಡುತ್ತಿದ್ದ. ಹುಸ್ ಹೇಳಿದ್ದು ಅವನಿಗೆ ಕೇಳಿರಲಿಲ್ಲ. ಅಲ್ಲಿದ್ದವರು ಬಿಡಲಿಲ್ಲ, ರಾಜನನ್ನು ಕರೆಸಿದರು. ಹುಸ್‌ಗೆ ಅದನ್ನೇ ಇನ್ನೊಮ್ಮೆ ಹೇಳು ಅಂದರು. ಅವನು ಹೇಳಿದ! ಆಗ ಸಿಗಿಸ್ಮಂಡ್, ಪಾಪ ಮಾಡದೆ ಬದುಕುವವರು ಯಾರೂ ಇಲ್ಲ ಅಂತ ಉತ್ತರ ಕೊಟ್ಟ. ದೈಯಿ ತಕ್ಷಣ ಚುಚ್ಚಿದ: ಪಾದ್ರಿಗಳ ಮಾನ ಕಳೆದದ್ದು ಸಾಲದೇ, ಈಗ ರಾಜರನ್ನೂ ಕೆಳಗೆ ಹಾಕಬೇಕಾ?

ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ಗುಟ್ಟು ಈ ಕಿಟಕಿ ಹತ್ತಿರವೇ ಇದೆ. ಒಬ್ಬ ಕೆಟ್ಟ ಪೋಪನನ್ನು ಇಳಿಸಿದರೆ ಕುರ್ಚಿಗೆ ಏನೂ ಆಗಲ್ಲ. ಇನ್ನೊಬ್ಬ ಬರುತ್ತಾನೆ. ಆದರೆ ಕೆಟ್ಟವನು ಕೂತ ಕ್ಷಣಕ್ಕೇ ಕುರ್ಚಿಯ ಬಲ ಹೋಗುತ್ತದೆ ಅಂದರೆ ಯಾವ ಕುರ್ಚಿಗೂ ಭದ್ರತೆ ಇಲ್ಲ. ಯಾರು ಯೋಗ್ಯ ಅಂತ ಹೇಳುವವರು ಯಾರು? ಬೀದಿಯ ಜನವಾ? ಪ್ರಾಗ್‌ನಲ್ಲಿ ಜನ ಆಗಲೇ ಹೇಳಲು ಶುರುಮಾಡಿದ್ದರು.

ಇನ್ನೊಂದು ವಿಷಯ. ಸಭೆ ಪೋಪನನ್ನು ಇಳಿಸಿದ್ದು ನ್ಯಾಯನಿಷ್ಠೆಯಿಂದ ಮಾತ್ರ ಅಂದುಕೊಳ್ಳಬೇಡಿ. 1378ರಿಂದ ರೋಮ್‌ನಲ್ಲಿ ಒಬ್ಬ, ಫ್ರಾನ್ಸ್ ಕಡೆಯ ಅವಿನ್ಯೋನ್‌ನಲ್ಲಿ ಒಬ್ಬ ಪೋಪ್. ಇದನ್ನು ಬಗೆಹರಿಸುತ್ತೇವೆ ಅಂತ 1409ರಲ್ಲಿ ಪೀಸಾದಲ್ಲಿ ಸೇರಿ ಮೂರನೆಯವನನ್ನು ಆರಿಸಿದರು, ಹಳೆಯ ಇಬ್ಬರೂ ಜಾಗ ಬಿಡಲಿಲ್ಲ. 23ನೇ ಜಾನ್ ಈ ಮೂರನೇ ಸಾಲಿನವನು. ಸಭೆಯನ್ನು ಕರೆದವನೂ ಅವನೇ, ಸಿಗಿಸ್ಮಂಡ್ ಒತ್ತಾಯಕ್ಕೆ. ತನ್ನ ಬುಡಕ್ಕೇ ಬರುತ್ತದೆ ಅಂತ ಗೊತ್ತಾದಾಗ ಮಾರ್ಚ್ 20ರಂದು ವೇಷ ಮರೆಸಿಕೊಂಡು ಊರಿಂದ ಓಡಿದ. ಏಪ್ರಿಲ್ 6ಕ್ಕೆ ಸಭೆ ಒಂದು ನಿರ್ಣಯ ಮಾಡಿತು: ನಮ್ಮ ಅಧಿಕಾರ ನೇರವಾಗಿ ಕ್ರಿಸ್ತನಿಂದ ಬಂದದ್ದು, ಪೋಪ್ ಕೂಡ ನಮ್ಮ ಮಾತು ಕೇಳಬೇಕು.

ಈಗ ಹುಸ್ ಕಡೆ ನೋಡಿ. 1412ರಲ್ಲೇ ಅವನು ಪೋಪನ ತೀರ್ಪನ್ನು ಒಪ್ಪದೆ ನೇರವಾಗಿ ಕ್ರಿಸ್ತನಿಗೇ ಮೇಲ್ಮನವಿ ಸಲ್ಲಿಸಿದ್ದ. ಎಲ್ಲರಿಗಿಂತ ಮೇಲೆ ನಾವೇ ಅಂತ ಎರಡು ತಿಂಗಳ ಹಿಂದಷ್ಟೇ ಘೋಷಿಸಿಕೊಂಡ ಸಭೆಯ ಮುಂದೆ ಇಂಥವನು ನಿಂತರೆ ಏನಾಗಬಹುದು?

ಪುಟದ_ಮೂಲೆ:

ಕಿಟಕಿಯ ಕಥೆ ಗೊತ್ತೇ ಇರಲಿಲ್ಲ. ಥ್ಯಾಂಕ್ಸ್. ಎರಡು ಅನುಮಾನ. ಒಂದು, ಪ್ರಾಗ್‌ನಲ್ಲಿ ಜನ ಶುರುಮಾಡಿದ್ದರು ಅಂದಿರಿ, ಏನು ನಡೆಯಿತು? ಎರಡು, ರಾಜ ಅವನಿಗೆ ರಕ್ಷಣಾಪತ್ರ ಕೊಟ್ಟಿದ್ದನಂತೆ. ಅದರ ಗತಿ?

ಹಳೇ_ಗಡಿಯಾರ:

ಪ್ರಾಗ್ ಕಥೆ ಹೇಳಿದರೆ ನಿಮ್ಮ ಮೊದಲ ಪ್ರಶ್ನೆ ಇನ್ನೂ ಗೋಜಲಾಗುತ್ತದೆ. 1412ರಲ್ಲಿ ಪಾಪವಿಮೋಚನಾ ಪತ್ರ ಮಾರಿಸಿದ್ದು ಇದೇ 23ನೇ ಜಾನ್! ನೇಪಲ್ಸ್‌ನ ರಾಜ ಲಾಡಿಸ್ಲಾಸ್ ಅವನ ಎದುರಾಳಿ ಪೋಪನ ಬೆನ್ನಿಗಿದ್ದ. ಅವನ ಮೇಲೆ ಯುದ್ಧಕ್ಕೆ ದುಡ್ಡು ಬೇಕು. ಧರ್ಮಯುದ್ಧ ಅಂತ ಹೆಸರು ಕೊಟ್ಟು ಪತ್ರ ಮಾರಲು ಜನ ಕಳಿಸಿದ.

ಸರಿಯಾಗಿ ಹೇಳಬೇಕು ಅಂದರೆ ಆ ಪತ್ರ ಪಾಪವನ್ನೇ ಅಳಿಸುವುದಲ್ಲ. ತಪ್ಪೊಪ್ಪಿಗೆ ಮಾಡಿ ಕ್ಷಮೆ ಸಿಕ್ಕ ಮೇಲೂ ಉಳಿಯುವ ಶಿಕ್ಷೆ ಅಂತ ಒಂದಿದೆ. ಇಲ್ಲಿ ತೀರದಿದ್ದರೆ ಸತ್ತ ಮೇಲೆ ಪರ್ಗೆಟರಿಯಲ್ಲಿ, ಅಂದರೆ ಸ್ವರ್ಗಕ್ಕೆ ಹೋಗುವ ಮುಂಚೆ ಶುದ್ಧಿಯಾಗುವ ಜಾಗದಲ್ಲಿ, ತೀರಿಸಬೇಕು. ಆ ಬಾಕಿಯಲ್ಲಿ ವಿನಾಯಿತಿ ಕೊಡುವುದು ಪತ್ರದ ಕೆಲಸ. ಕಾಗದದ ಮೇಲೆ ಹಾಗೆ. ಚರ್ಚುಗಳಲ್ಲಿ ದುಡ್ಡಿನ ಪೆಟ್ಟಿಗೆ ಇಟ್ಟು ಕೂಗುವಾಗ ಈ ಸೂಕ್ಷ್ಮವನ್ನೆಲ್ಲ ಯಾರು ಹೇಳುತ್ತಾರೆ?

ಹುಸ್ ಬೆತ್ಲೆಹೆಮ್ ಚಾಪೆಲ್‌ನಲ್ಲಿ ನಿಂತು ಇದನ್ನು ಖಂಡಿಸಿದ. ಆ ಚಾಪೆಲ್ 1391ರಲ್ಲಿ ಚೆಕ್ ಭಾಷೆಯ ಪ್ರವಚನಕ್ಕೆಂದೇ ಕಟ್ಟಿಸಿದ್ದು. ಹುಸ್ 1402ರಿಂದ ಅಲ್ಲಿ ಪ್ರವಚನ ಮಾಡುತ್ತಿದ್ದ. ಲ್ಯಾಟಿನ್ ಬಾರದ ಕಸುಬಿನವರು, ಹೆಂಗಸರು ಎಲ್ಲ ಸೇರುತ್ತಿದ್ದ ಜಾಗ. ಅಲ್ಲಿಯವರೆಗೆ ಹುಸ್‌ಗೆ ಬೆಂಬಲವಾಗಿದ್ದ ಬೊಹೀಮಿಯಾದ (ಪ್ರಾಗ್ ಇರುವ ಚೆಕ್ ನಾಡು) ರಾಜ ವೆನ್ಸೆಸ್ಲಾಸ್ ಈ ಸಲ ಮುಖ ತಿರುಗಿಸಿದ. ಯಾಕೆಂದರೆ ಪತ್ರ ಮಾರಾಟದಲ್ಲಿ ಅವನಿಗೂ ಪಾಲಿತ್ತು. ಜುಲೈನಲ್ಲಿ ಮೂವರು ಹುಡುಗರು ಚರ್ಚುಗಳಲ್ಲಿ ಎದ್ದುನಿಂತು ಇದು ಮೋಸ ಅಂತ ಕೂಗಿದರು. ಮಾರ್ಟಿನ್, ಯಾನ್, ಸ್ತಾಶೆಕ್ ಅಂತ ಅವರ ಹೆಸರು. ಹುಸ್ ಪುರಸಭೆಗೆ ಹೋಗಿ ಅವರನ್ನು ಬಿಡಿ ಅಂತ ಬೇಡಿಕೊಂಡ. ಆದರೂ ತಲೆ ಕಡಿದರು. ಜನ ಹೆಣಗಳನ್ನು ಎತ್ತಿಕೊಂಡು ಹೋಗಿ ಅದೇ ಚಾಪೆಲ್‌ನಲ್ಲಿ ಮಣ್ಣು ಮಾಡಿದರು, ಹುತಾತ್ಮರು ಅಂತ.

ರಕ್ಷಣಾಪತ್ರ ಕೊಟ್ಟಿದ್ದ ರಾಜ ಬೇರೆ, ಸಿಗಿಸ್ಮಂಡ್, ವೆನ್ಸೆಸ್ಲಾಸ್‌ನ ತಮ್ಮ. ಹುಸ್ 1414ರ ನವೆಂಬರ್ 3ಕ್ಕೆ ಕಾನ್‌ಸ್ಟನ್ಸ್ ತಲುಪಿದ, 28ಕ್ಕೆ ಹಿಡಿದು ಹಾಕಿದರು. ಸಿಗಿಸ್ಮಂಡ್ ಬಂದದ್ದು ಕ್ರಿಸ್‌ಮಸ್ ಹೊತ್ತಿಗೆ. ಬಂದು ಕೂಗಾಡಿದ. ಹುಸ್‌ನನ್ನು ಬಿಡಿಸಿದರೆ ಸಭೆಯೇ ಮುರಿದುಹೋಗುತ್ತದೆ ಅಂತ ಹೆದರಿಸಿದ ಮೇಲೆ ತಣ್ಣಗಾದ. ಧರ್ಮದ್ರೋಹಿಗೆ ಕೊಟ್ಟ ಮಾತು ಉಳಿಸಿಕೊಳ್ಳಬೇಕಾಗಿಲ್ಲ ಅನ್ನುವ ವಾದ ಕೈಗೆ ಸಿಕ್ಕಿತು. ನನಗಂತೂ ಆ ಮನುಷ್ಯನ ಮೇಲೆ ಇವತ್ತಿಗೂ ಮರುಕ ಬರಲ್ಲ.

ಅದರ ಬೆಲೆ ಅವನು ತೆತ್ತ ಬಿಡಿ. ಹುಸ್ ಸತ್ತ ಸುದ್ದಿ ಬಂದ ಮೇಲೆ 1415ರ ಸೆಪ್ಟೆಂಬರ್‌ನಲ್ಲಿ ಬೊಹೀಮಿಯಾ, ಮೊರಾವಿಯಾಗಳ 452 ಜನ ಸರದಾರರು ಮೊಹರು ಹಾಕಿ ಪ್ರತಿಭಟನೆ ಪತ್ರ ಕಳಿಸಿದರು. 1419ರಲ್ಲಿ ಅಣ್ಣ ಸತ್ತು ಸಿಂಹಾಸನ ಖಾಲಿಯಾದಾಗ ಸಿಗಿಸ್ಮಂಡ್‌ನನ್ನು ರಾಜ ಅಂತ ಒಪ್ಪಲು ಹುಸ್ ಕಡೆಯವರು ತಯಾರಿರಲಿಲ್ಲ. ಅವರ ಮೇಲೆ ಧರ್ಮಯುದ್ಧದ ಹೆಸರಲ್ಲಿ ದಂಡು ಕಳಿಸಿ ಕಳಿಸಿ ಸೋತರು. ಪ್ರಾಗ್‌ನಲ್ಲಿ ಅವನನ್ನು ರಾಜ ಅಂತ ಒಪ್ಪಿಕೊಂಡದ್ದು 1436ರಲ್ಲಿ. ಮಾರನೇ ವರ್ಷ ಸತ್ತ.

ಅಡಿಟಿಪ್ಪಣಿ_ಪ್ರೇಮಿ:

ಮೇಲಿನವರು ಹೇಳಿದ್ದು ಬಹುಪಾಲು ಸರಿ. ಆದರೆ ಒಂದು ಕಡೆ ನನ್ನ ತಕರಾರು ಇದೆ. ಕೆಟ್ಟವನು ಕೂತ ಕ್ಷಣಕ್ಕೇ ಕುರ್ಚಿಯ ಬಲ ಹೋಗುತ್ತದೆ ಅಂತ ಹುಸ್ ಹೇಳಿದ ಅನ್ನುವುದು ವಿರೋಧಿಗಳು ಕಟ್ಟಿದ ರೂಪ. ಕೆಟ್ಟ ಪಾದ್ರಿ ಕೊಟ್ಟ ದೀಕ್ಷಾಸ್ನಾನವೂ ನಡೆಯುತ್ತದೆ, ಅವನು ಮಾಡಿದ ಬಲಿಪೂಜೆಯೂ ನಡೆಯುತ್ತದೆ, ಕೊಡುವವನು ಮಾತ್ರ ಅಯೋಗ್ಯ ಅಂತ ಹುಸ್ ಸ್ಪಷ್ಟವಾಗಿಯೇ ಹೇಳಿದ್ದ. ರೊಟ್ಟಿ ಮತ್ತು ದ್ರಾಕ್ಷಾರಸ ಕ್ರಿಸ್ತನ ದೇಹ ಮತ್ತು ರಕ್ತವಾಗಿ ಬದಲಾಗುತ್ತವೆ ಎಂಬ ಚರ್ಚಿನ ನಂಬಿಕೆಯನ್ನು ಇಂಗ್ಲೆಂಡಿನ ವಿಕ್ಲಿಫ್ ಒಪ್ಪಿರಲಿಲ್ಲ. ಹುಸ್ ಒಪ್ಪಿದ್ದ. ಆದರೂ ವಿಕ್ಲಿಫ್ ಮೇಲಿದ್ದ ಆರೋಪಗಳನ್ನೆಲ್ಲ ತಂದು ಇವನ ತಲೆಗೆ ಕಟ್ಟಿದರು.

ಕೊನೆಗೆ 30 ಹೇಳಿಕೆಗಳ ಮೇಲೆ ತೀರ್ಪು ಕೊಟ್ಟರು. ಹುಸ್‌ನ ಉತ್ತರ ಒಂದೇ: ನಾನು ಹೇಳಿಯೇ ಇಲ್ಲದ್ದನ್ನು ತಪ್ಪಾಯಿತು ಅಂತ ಹೇಗೆ ಬಿಡಲಿ? ಹಾಗೆ ಬಿಟ್ಟರೆ ಅದನ್ನು ಹೇಳಿದ್ದೆ ಅಂತ ಒಪ್ಪಿದ ಹಾಗೆ, ಅದು ಸುಳ್ಳು. ಬದುಕಿಕೊಳ್ಳಲು ಅವನಿಗೆ ದಾರಿ ಇತ್ತು. ಆ ದಾರಿಯಲ್ಲಿ ಸುಳ್ಳು ಹೇಳಬೇಕಿತ್ತು, ಅಷ್ಟೇ.

ಇದನ್ನು ಕೇಳಿ ಹುಸ್ ಹುಟ್ಟಾ ಸಂತ ಅಂದುಕೊಳ್ಳಬೇಡಿ. ಚಿಕ್ಕವನಿದ್ದಾಗ ಪಾದ್ರಿಯಾಗಲು ಆಸೆಪಟ್ಟದ್ದು ಒಳ್ಳೆ ಜೀವನ, ಒಳ್ಳೆ ಬಟ್ಟೆ, ಜನರ ಮರ್ಯಾದೆಗಾಗಿ ಅಂತ ಅವನೇ ಬರೆದಿದ್ದಾನೆ. ಕಾನ್‌ಸ್ಟನ್ಸ್‌ಗೆ ಹೊರಡುವ ಹೊತ್ತಲ್ಲಿ ಮಾರ್ಟಿನ್ ಅನ್ನುವ ಶಿಷ್ಯನಿಗೆ ಒಂದು ಕಾಗದ ಬರೆದ. ನಾನು ಸತ್ತದ್ದು ಖಚಿತವಾದ ಮೇಲೆಯೇ ಒಡೆದು ಓದು ಅಂತ ಅದರ ಮೇಲಿತ್ತು. ಒಳಗೆ ಏನಿದೆ ಗೊತ್ತಾ? ಪಾದ್ರಿಯಾಗುವ ಮೊದಲು ಚೆಸ್ ಆಡುತ್ತಾ ಹೊತ್ತು ಕಳೆದೆ, ಆಟದ ಭರದಲ್ಲಿ ಸಿಟ್ಟು ಮಾಡಿಕೊಂಡೆ, ಬೇರೆಯವರಿಗೂ ಸಿಟ್ಟು ಬರಿಸಿದೆ ಅನ್ನುವ ಪಶ್ಚಾತ್ತಾಪ!

ಇನ್ನೊಬ್ಬರ ಹೆಸರನ್ನು ಹೇಳಲೇಬೇಕು. ಶ್ತೆಪಾನ್ ಪಾಲೆಚ್. ಪ್ರಾಗ್ ವಿಶ್ವವಿದ್ಯಾಲಯದಲ್ಲಿ ಹುಸ್‌ನ ಜೊತೆಗಾರ, ಒಂದು ಕಾಲದಲ್ಲಿ ಇಬ್ಬರೂ ವಿಕ್ಲಿಫ್ ಅಭಿಮಾನಿಗಳು. 1412ರ ಪತ್ರದ ಗಲಾಟೆಯಲ್ಲಿ ಸ್ನೇಹ ಮುರಿಯಿತು. ಕಾನ್‌ಸ್ಟನ್ಸ್‌ನಲ್ಲಿ ಹುಸ್‌ನ ಮೇಲೆ ಆರೋಪ ಹೊರಿಸಿದವರಲ್ಲಿ ಮುಂದಿದ್ದವನೇ ಇವನು. ಸಾವು ಖಚಿತವಾದಾಗ ಹುಸ್ ನನ್ನ ತಪ್ಪೊಪ್ಪಿಗೆ ಕೇಳಲು ಪಾಲೆಚ್ ಬರಲಿ ಅಂದ. ತಪ್ಪೊಪ್ಪಿಗೆ ಕೇಳಲು ಬೇರೊಬ್ಬ ಸನ್ಯಾಸಿ ಬಂದ. ಆದರೆ ಪಾಲೆಚ್ ಸೆರೆಮನೆಗೆ ಬಂದು ಹೋದ, ಇಬ್ಬರೂ ಅತ್ತರು ಅಂತ ಹುಸ್‌ನ ಕಾಗದದಲ್ಲೇ ಇದೆ. ಸಿಗಿಸ್ಮಂಡ್‌ನನ್ನು ಬೈಯುವುದು ಸುಲಭ. ಪಾಲೆಚ್ ವಿಷಯಕ್ಕೆ ಬಂದರೆ ನನಗೆ ಬೈಯಲು ಬಾಯಿ ಬರಲ್ಲ.

ಹಳೇ_ಗಡಿಯಾರ:

ಅಡಿಟಿಪ್ಪಣಿ ಅವರೇ, ತಕರಾರು ನ್ಯಾಯವೇ. ಆದರೆ ಬೀದಿಯಲ್ಲಿ ಕೇಳಿಸಿದ್ದು ಆ ಒರಟು ರೂಪವೇ ಅಲ್ವಾ? ಸಭೆಗೆ ಭಯ ಇದ್ದದ್ದು ಹುಸ್‌ನ ಲ್ಯಾಟಿನ್ ಪುಸ್ತಕಕ್ಕಿಂತ ಚೆಕ್ ಪ್ರವಚನದ ಬಗ್ಗೆ ಅಂತ ನನ್ನ ಅನಿಸಿಕೆ.

ಸಂಜೆ_ಬಸ್ಸು:

ನಡುವೆ ಬಾಯಿ ಹಾಕುತ್ತಿದ್ದೇನೆ. ಲೂಥರ್‌ನದೂ ಇದೇ ಕಥೆ ತಾನೇ? ಅವನು ಹೇಗೆ ಬಚಾವಾದ?

ಅಡಿಟಿಪ್ಪಣಿ_ಪ್ರೇಮಿ:

ಚಿಕ್ಕದಾಗಿ ಹೇಳುತ್ತೇನೆ, ಇಲ್ಲದಿದ್ದರೆ ಈ ಚರ್ಚೆ ಮುಗಿಯಲ್ಲ. ಅವನ ಬೆನ್ನಿಗೆ ಸ್ಯಾಕ್ಸನಿಯ ದೊರೆ ಫ್ರೆಡ್ರಿಕ್ ಗಟ್ಟಿಯಾಗಿ ನಿಂತ. ಅಚ್ಚಿನ ಯಂತ್ರ ಬಂದಿತ್ತು, ಒಬ್ಬನನ್ನು ಸುಟ್ಟರೆ ಮಾತು ನಿಲ್ಲುವ ಕಾಲ ಹೋಗಿತ್ತು. 1521ರಲ್ಲಿ ವೋರ್ಮ್ಸ್ ಊರಿನ ಸಾಮ್ರಾಜ್ಯ ಸಭೆಗೆ ವಿಚಾರಣೆಗೆ ಕರೆದಾಗ ಅವನಿಗೂ ರಕ್ಷಣಾಪತ್ರ ಕೊಟ್ಟಿದ್ದರು, ಈ ಸಲ ಚಕ್ರವರ್ತಿ ಐದನೇ ಚಾರ್ಲ್ಸ್ ಮಾತು ಉಳಿಸಿಕೊಂಡ. ಅದಕ್ಕೆ ಎರಡು ವರ್ಷ ಮೊದಲು ಲೈಪ್‌ಜಿಗ್ ವಾದದಲ್ಲಿ ಎದುರು ಕೂತ ಪಂಡಿತ ಯೋಹಾನ್ ಎಕ್ ಬೇಕೆಂದೇ ಹುಸ್ ಹೆಸರು ಎತ್ತಿದ್ದ. ಲೂಥರ್ ಮೊದಲು ತಪ್ಪಿಸಿಕೊಳ್ಳಲು ನೋಡಿ, ಆಮೇಲೆ ಹುಸ್‌ನ ಕೆಲವು ಮಾತುಗಳು ಅಪ್ಪಟ ಕ್ರೈಸ್ತ ಮಾತುಗಳೇ ಅಂದುಬಿಟ್ಟ. ಎಕ್‌ಗೆ ಬೇಕಾಗಿದ್ದದ್ದೂ ಅದೇ: ಸಭೆ ಧರ್ಮದ್ರೋಹಿ ಅಂದವನ ಮಾತನ್ನು ಲೂಥರ್ ಒಪ್ಪಿದಂತಾಯಿತು.

ವಿಕ್ಲಿಫ್ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಅವನು 1384ರಲ್ಲಿ ಲಟರ್‌ವರ್ತ್‌ನಲ್ಲಿ ಪಾರ್ಶ್ವವಾಯು ಬಡಿದು ಸತ್ತ, ಯಾರೂ ಸುಡಲಿಲ್ಲ. ಹುಸ್‌ನನ್ನು ಸುಟ್ಟ ಸಭೆಯೇ 1415ರಲ್ಲಿ ವಿಕ್ಲಿಫ್‌ನ ಎಲುಬು ಕಿತ್ತು ಹಾಕಿ ಅಂತ ಆಜ್ಞೆ ಮಾಡಿತು. 1428ರಲ್ಲಿ ಅಗೆದು, ಸುಟ್ಟು, ಬೂದಿಯನ್ನು ಸ್ವಿಫ್ಟ್ ನದಿಗೆ ಎಸೆದರು. ಸತ್ತು 40 ವರ್ಷ ದಾಟಿತ್ತು.

ಸಂಜೆ_ಬಸ್ಸು:

ಅಬ್ಬಾ. ಆದರೆ 23ನೇ ಜಾನ್ ಅಂದರೆ 1958ರಲ್ಲಿ ಆದ ಪೋಪ್ ಅಲ್ವಾ? ಎರಡನೇ ವ್ಯಾಟಿಕನ್ ಮಹಾಸಭೆ ಕರೆದವರು?

ಹಳೇ_ಗಡಿಯಾರ:

ಅವರೂ 23ನೇ ಜಾನೇ. ಪೀಸಾ ಸಾಲಿನವರನ್ನು ರೋಮ್ ನಿಜವಾದ ಪೋಪ್ ಅಂತ ಲೆಕ್ಕ ಹಿಡಿಯಲಿಲ್ಲ, ಹಾಗಾಗಿ ಆ ಸಂಖ್ಯೆ ಖಾಲಿ ಇತ್ತು. 1958ರಲ್ಲಿ ರೊಂಕಾಲ್ಲಿ ಅದನ್ನು ಮತ್ತೆ ಇಟ್ಟುಕೊಂಡರು.

ಹಳೆಯವನ ನಿಜವಾದ ಹೆಸರು ಬಾಲ್ದಸಾರೆ ಕೊಸ್ಸ. ಹುಸ್‌ನನ್ನು ಸರಪಳಿ ಹಾಕಿ ಇಟ್ಟಿದ್ದ ಗೊಟ್ಲೀಬೆನ್ ಕೋಟೆಗೇ ಅವನನ್ನೂ ಸೆರೆ ತಂದಿದ್ದರು. ಹುಸ್‌ನ ಬೂದಿ ರೈನ್ ನದಿಗೆ ಹೋಯಿತು. ಕೊಸ್ಸ ಬಿಡುಗಡೆಯಾಗಿ 1419ರಲ್ಲಿ ಮತ್ತೆ ಕಾರ್ಡಿನಲ್ ಆದ, ಅದೇ ವರ್ಷ ಫ್ಲಾರೆನ್ಸ್‌ನಲ್ಲಿ ತೀರಿಕೊಂಡ. ಅಲ್ಲಿಯ ಬ್ಯಾಪ್ಟಿಸ್ಟರಿಯೊಳಗೆ (ದೀಕ್ಷಾಸ್ನಾನದ ಮಂದಿರ) ಅವನ ಸಮಾಧಿ ಇದೆ, ಹೆಸರಾಂತ ಶಿಲ್ಪಿಗಳಾದ ದೊನಾತೆಲ್ಲೊ ಮತ್ತು ಮಿಕೆಲೊತ್ಸೊ ಮಾಡಿದ್ದು. ಒಂದು ಕಾಲದ ಪೋಪ್ ಅಂತ ಅದರ ಮೇಲೆ ಕೆತ್ತಿದ್ದಾರೆ.

ಪುಟದ_ಮೂಲೆ:

ಹುದ್ದೆ ಮಾರಿದವನಿಗೆ ದೊನಾತೆಲ್ಲೊ ಕೈಯಲ್ಲಿ ಸಮಾಧಿ! ಸರಿ, ಇನ್ನು ಮ್ಲಾದೊನೊವಿತ್ಸೆಯ ಪೀಟರ್ ಬರೆದದ್ದನ್ನು ಹುಡುಕಿ ಓದುತ್ತೇನೆ. ಅನುವಾದ ಯಾವುದು ಚೆನ್ನಾಗಿದೆ ಅಂತ ಗೊತ್ತಿದ್ದವರು ಕೆಳಗೆ ಹಾಕಿ.