ಹೋಯಾ ಎಲೆ ಸುಕ್ಕಾಗುತ್ತಿದೆ, ನೀರು ಹಾಕಿದಷ್ಟೂ ಜಾಸ್ತಿ ಆಗುತ್ತಿದೆ

ಮೂರನೇ ಮಹಡಿ (ಬೆಂಗಳೂರು), ಆಗಸ್ಟ್ 9

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಹೋಯಾ ಕಾರ್ನೋಸಾ ಇದೆ, ಮೇಣದ ಹೂವಿನ ಬಳ್ಳಿ. ಟ್ರೈಕಲರ್, ಅಂದರೆ ಎಲೆಯಲ್ಲಿ ಹಸಿರಿನ ಜೊತೆ ಬಿಳಿ, ಗುಲಾಬಿ ಎಲ್ಲ ಬರುತ್ತಲ್ಲ, ಅದು. ಜನವರಿಯಲ್ಲಿ ಆನ್‌ಲೈನ್‌ನಲ್ಲಿ ತರಿಸಿದ್ದು. ಮೇವರೆಗೆ ಚೆನ್ನಾಗಿತ್ತು, ಎರಡು ಹೊಸ ಬಳ್ಳಿಯನ್ನೂ ಬಿಟ್ಟಿತ್ತು. ಜುಲೈ ಕೊನೆಯಿಂದ ಎಲೆಗಳು ಸುಕ್ಕಾಗುತ್ತಿವೆ. ಮೊದಲು ಬೆರಳಲ್ಲಿ ಒತ್ತಿದರೆ ಗಟ್ಟಿ ಇರುತ್ತಿದ್ದವು, ಈಗ ಹಬ್ಬ ಮುಗಿದು ಮೂರು ದಿನ ಆದ ಬಲೂನಿನ ಹಾಗಿವೆ.

ನೀರು ಸಾಲುತ್ತಿಲ್ಲವೇನೋ ಅಂದುಕೊಂಡೆ. ವಾರಕ್ಕೆ ಎರಡು ಸಲ ಹಾಕುತ್ತಿದ್ದದ್ದನ್ನು ದಿನಾ ಒಂದು ಲೋಟ ಮಾಡಿದೆ. ಇನ್ನೂ ಹಾಳಾಯಿತು. ಬುಡದ ಎರಡು ಎಲೆ ಹಳದಿಯಾಗಿ ಉದುರಿವೆ. ಪೂರ್ವದ ಬಾಲ್ಕನಿ, ಬೆಳಿಗ್ಗೆ ಒಂದು ಗಂಟೆ ಬಿಸಿಲು. ಕುಂಡದಲ್ಲಿರೋದು ನರ್ಸರಿಯಿಂದ ಬಂದ ಮಣ್ಣೇ. ಪಕ್ಕದ ಮನೆಯವರು ಗೊಬ್ಬರ ಹಾಕಿ ಅಂತಿದ್ದಾರೆ. ಹಾಕಲಾ?

ಘಟ್ಟದ ಮೇಲೆ (ಶಿರಸಿ)

ಗೊಬ್ಬರ ಬೇಡ. ಸದ್ಯಕ್ಕೆ ನೀರೂ ಬೇಡ. ಮೊದಲು ಎರಡು ವಿಷಯ ಹೇಳಿ. ಕುಂಡ ಎತ್ತಿದರೆ ಭಾರ ಇದೆಯಾ? ಬೆರಳನ್ನು ಎರಡನೇ ಗೆಣ್ಣಿನವರೆಗೆ ಇಳಿಸಿದರೆ ಒದ್ದೆ ತಾಗುತ್ತದಾ? ಮೇಲೆ ಮುಟ್ಟಿ ನೋಡಿ ಹೇಳಬೇಡಿ, ಮೇಲಿನ ಮಣ್ಣು ಸುಳ್ಳು ಹೇಳುತ್ತದೆ.

ಸುಕ್ಕಾದ ಎಲೆ ಹೇಳೋದು ಇಷ್ಟೇ, ನನಗೆ ನೀರು ಬರುತ್ತಿಲ್ಲ ಅಂತ. ಕುಂಡದಲ್ಲಿ ನೀರಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಮಣ್ಣು ಒಣಗಿದ್ದರೆ ಬರೀ ಬಾಯಾರಿಕೆ. ಚೆನ್ನಾಗಿ ನೀರು ಕೊಟ್ಟರೆ ಎರಡು ಮೂರು ದಿನದಲ್ಲಿ ಎಲೆ ಮತ್ತೆ ಉಬ್ಬುತ್ತದೆ. ಮಣ್ಣು ಒದ್ದೆ ಇದ್ದೂ ಎಲೆ ಸುಕ್ಕಾಗಿದ್ದರೆ ಕುಡಿಯೋ ಬಾಯೇ ಹೋಗಿದೆ ಅಂತ. ಅಂದರೆ ಬೇರು.

ಮೂರನೇ ಮಹಡಿ

ಭಾರ ಇದೆ. ಒದ್ದೆಯೂ ಇದೆ. ಇನ್ನೊಂದು ವಿಷಯ, ಹೇಳಲು ನಾಚಿಕೆ ಆಗುತ್ತಿದೆ. ಪ್ಲಾಸ್ಟಿಕ್ ಕುಂಡವನ್ನು ಚಂದ ಕಾಣಲಿ ಅಂತ ಪಿಂಗಾಣಿ ಕುಂಡದೊಳಗೆ ಇಟ್ಟಿದ್ದೆ. ಈಗ ಎತ್ತಿ ನೋಡಿದರೆ ತಳದಲ್ಲಿ ಎರಡು ಬೆರಳು ನೀರು. ಹೂದಾನಿಯ ಹಳೇ ನೀರಿನ ವಾಸನೆ.

ಘಟ್ಟದ ಮೇಲೆ

ನಾಚಿಕೆ ಯಾಕೆ, ಇಲ್ಲಿರುವ ಅರ್ಧ ಜನ ಹಾಗೇ ಕಲಿತದ್ದು. ಗಿಡವನ್ನು ಪೂರ್ತಿ ಹೊರಗೆ ತೆಗೆದು ಬೇರು ತೊಳೆಯಿರಿ. ಒಂದೊಂದೇ ಬೇರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಹಿದುಕಿದ ಅವರೆಕಾಳು ಮಾಡುವಾಗ ಸಿಪ್ಪೆ ಜಾರುತ್ತಲ್ಲ, ಹಾಗೆ ಹೊರಗಿನ ಪದರ ಜಾರಿ ಒಳಗಿನ ದಾರ ಮಾತ್ರ ಉಳಿದರೆ ಆ ಬೇರು ಸತ್ತಿದೆ, ಕತ್ತರಿಸಿ. ಬಿಳಿ ಅಥವಾ ತಿಳಿ ಕಂದು ಇದ್ದು ಎಳೆದಾಗ ಗಟ್ಟಿ ನಿಂತದ್ದನ್ನು ಮುಟ್ಟಬೇಡಿ.

ಬುಡದ ಹತ್ತಿರ ಕೈ ಆಡಿಸಿ ನೋಡಿ. ನರ್ಸರಿಯವರು ಸಸಿ ಎಬ್ಬಿಸುವಾಗ ಸುತ್ತಿದ ಬಲೆ ಚೀಲ ಅಲ್ಲೇ ಇರಬಹುದು. ಅದರೊಳಗಿನ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸ್ಪಂಜಿನ ಹಾಗೆ ನೀರು ಹಿಡಿಯುತ್ತದೆ. ಸುತ್ತ ಎಲ್ಲ ಒಣಗಿದರೂ ನಡು ಒಣಗೋದಿಲ್ಲ.

ಮೂರನೇ ಮಹಡಿ, ಆಗಸ್ಟ್ 10

ಬಲೆ ಚೀಲ ಇತ್ತು! ನಿಂಬೆಹಣ್ಣಿನ ಗಾತ್ರದ್ದು. ಅದರೊಳಗಿನ ಬೇರೆಲ್ಲ ಕಪ್ಪು, ಎಳೆದರೆ ದಾರ. ಹೊರಗೆ ಬಂದಿದ್ದ ಬೇರಲ್ಲಿ ನಾಲ್ಕೈದು ಮಾತ್ರ ಗಟ್ಟಿ ಇವೆ. ಬುಡದ ಕಾಂಡ ಕೂಡ ಒಂದು ಇಂಚು ಮೆತ್ತಗಾಗಿದೆ. ಮುಗೀತಾ?

ಘಟ್ಟದ ಮೇಲೆ

ಬುಡ ಮುಗಿಯಿತು, ಗಿಡ ಮುಗಿದಿಲ್ಲ. ಕಾಂಡ ಮೆತ್ತಗಾಗಿದ್ದರೆ ಆ ನಾಲ್ಕು ಬೇರನ್ನು ನಂಬಿ ಕೂರಬೇಡಿ, ಕೊಳೆ ಮೇಲೆ ಹತ್ತುತ್ತದೆ. ಮೇಲಿನ ಗಟ್ಟಿ ಬಳ್ಳಿಯಿಂದ ತುಂಡು ಮಾಡಿಕೊಳ್ಳಿ. ಒಂದೊಂದು ತುಂಡಲ್ಲಿ ಎರಡು ಗೆಣ್ಣು (ಎಲೆ ಹೊರಡುವ ಗಂಟು), ಮೇಲಿನ ಗೆಣ್ಣಲ್ಲಿ ಒಂದು ಜೊತೆ ಎಲೆ ಇರಲಿ. ಕತ್ತರಿಸಿದ ಕೂಡಲೇ ಬಿಳಿ ಸೊನೆ ಬರುತ್ತದೆ, ಕಣ್ಣಿಗೆ ತಾಗಿಸಿಕೊಳ್ಳಬೇಡಿ. ಒರೆಸಿ, ಅರ್ಧ ದಿನ ನೆರಳಲ್ಲಿ ಹಾಗೇ ಬಿಡಿ, ಬಾಯಿ ಒಣಗಲಿ.

ಆಮೇಲೆ ಕೆಳಗಿನ ಗೆಣ್ಣು ಒದ್ದೆ ಸ್ಫ್ಯಾಗ್ನಮ್ ಪಾಚಿಯಲ್ಲಿ ಹುದುಗುವ ಹಾಗೆ ನೆಡಿ. ಬೇರು ಹೆಚ್ಚಾಗಿ ಗೆಣ್ಣಿನಿಂದಲೇ ಬರೋದು. ಪಾಚಿಯನ್ನು ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಕೈ ಮಾತ್ರ ಒದ್ದೆಯಾಗಬೇಕು, ಅಷ್ಟಿರಲಿ. ನೀರಿನ ಬಾಟಲಿ ಅರ್ಧಕ್ಕೆ ಕತ್ತರಿಸಿ ಮೇಲೆ ಕವುಚಿ. ಬೇರಿಲ್ಲದ ತುಂಡಿಗೆ ಗಾಳಿಯ ತೇವವೇ ಆಸರೆ. ಬೆಳಕು ಬೇಕು, ನೇರ ಬಿಸಿಲು ಬೇಡ, ಬಾಟಲಿಯೊಳಗೆ ಬೆಂದು ಹೋಗುತ್ತದೆ. ಆಗಸ್ಟ್‌ನ ಬೆಂಗಳೂರು ತಂಪು, ಹಾಗಾಗಿ ಮೂರರಿಂದ ಐದು ವಾರ ಹಿಡಿಯಬಹುದು. ಮಧ್ಯೆ ಎಳೆದು ನೋಡಬೇಡಿ.

ನಿಮ್ಮದು ಟ್ರೈಕಲರ್ ಆದ್ದರಿಂದ ಒಂದು ಎಚ್ಚರ. ಪೂರ್ತಿ ಬಿಳಿ ಅಥವಾ ಗುಲಾಬಿ ಎಲೆ ಇರುವ ತುಂಡು ಚಂದ ಕಾಣುತ್ತದೆ, ಬದುಕೋದು ಕಷ್ಟ. ಅದಕ್ಕೆ ಅಡುಗೆ ಮಾಡಿಕೊಳ್ಳೋ ಹಸಿರೇ ಇಲ್ಲ. ಹಸಿರು ಇರುವ ತುಂಡನ್ನೇ ಆರಿಸಿ.

ಹೊಸಬಿ (ಮೈಸೂರು)

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮತ್ತೆ ಇದು ಬಂದಣಿಕೆ, ಮನೆಯಲ್ಲಿ ಇಡಬೇಡ ಅಂತಾರೆ. ಹೌದಾ?

ಘಟ್ಟದ ಮೇಲೆ

ಅಲ್ಲ. ಬಂದಣಿಕೆ ಮರದೊಳಗೆ ಬೇರಿಳಿಸಿ ಮರದ ರಸ ಕುಡಿಯುತ್ತದೆ. ಹೋಯಾ ಮರದ ಮೇಲೆ ಸುಮ್ನೆ ಕೂತಿರುತ್ತದೆ, ಹಲಸಿನ ಮರದ ಮೇಲೆ ಸೀತಾಳೆ ದಂಡೆ ಕೂತ ಹಾಗೆ. ಅತ್ತೆಯವರಿಗೆ ಹೂ ತೋರಿಸಿ, ಎಕ್ಕದ ನೆಂಟ ಅಂತ ಹೇಳಿ. ನಿಜವಾಗಿಯೂ ಎರಡೂ ಒಂದೇ ಕುಟುಂಬ. ಅದೇ ಐದು ಮೂಲೆಯ ನಕ್ಷತ್ರ, ಅದೇ ಮೇಣದ ಹೊಳಪು, ಅದೇ ಬಿಳಿ ಸೊನೆ.

ಕೇಳಿದ್ದು ಒಳ್ಳೆಯದಾಯಿತು, ಸುಕ್ಕಿನ ಕಥೆಯೂ ಇಲ್ಲೇ ಇದೆ. ನಮ್ಮ ಪಶ್ಚಿಮ ಘಟ್ಟದ್ದೇ ಆದ ಹೋಯಾ ವೈಟಿ ಅಂತ ಒಂದಿದೆ. ನಮ್ಮ ಕಡೆ ಕಾಡಲ್ಲಿ ಮರದ ಕವಲಿನಲ್ಲಿ ಜೋತಾಡುತ್ತಿರುತ್ತದೆ. ಅದರ ಬೇರು ಮಣ್ಣು ಕಂಡಿಲ್ಲ. ತೊಗಟೆಯ ಬಿರುಕಲ್ಲಿ ಒಂದಿಷ್ಟು ಪಾಚಿ, ಕೊಳೆತ ಎಲೆ, ಅಷ್ಟೇ. ಪುನರ್ವಸು ಮಳೆ ಹಗಲೂ ರಾತ್ರಿ ಹೊಡೆದರೂ ನೀರು ನಿಲ್ಲುವ ಜಾಗವೇ ಇಲ್ಲ, ಹರಿದು ಹೋಗುತ್ತದೆ, ಬೇರಿಗೆ ಗಾಳಿ ತಾಗುತ್ತಲೇ ಇರುತ್ತದೆ. ಮಳೆ ನಿಂತ ಮೇಲೆ ತಿಂಗಳುಗಟ್ಟಲೆ ಹನಿ ನೀರಿಲ್ಲ, ಅದಕ್ಕೇ ಎಲೆ ದಪ್ಪ. ಅಂಥ ಗಿಡವನ್ನು ಕೋಕೋಪೀಟ್‌ನಲ್ಲಿ ಒತ್ತಿ ತುಂಬಿ ಪಿಂಗಾಣಿಯೊಳಗೆ ಕೂರಿಸಿದರೆ ಅದು ಉಸಿರು ಕಟ್ಟಿ ಸಾಯುತ್ತದೆ. ಮಳೆಗಾಲದಲ್ಲಿ ಕೆಟ್ಟದ್ದು ನೀರಲ್ಲ, ಒಣಗದ ಕುಂಡ. (ಕಾಡಿಂದ ಕಿತ್ತು ತರಲು ಯಾರೂ ಹೋಗಬೇಡಿ. ಬದುಕುವುದೂ ಇಲ್ಲ, ಮಾಡಬಾರದ ಕೆಲಸವೂ ಹೌದು.)

ಕಡಲ ಬದಿ (ಮಂಗಳೂರು)

ಒಪ್ಪಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಹೋಯಾಗೆ ನೀರು ಹಾಕೋದೇ ಇಲ್ಲ. ಮಾಡಿನ ಅಂಚಿನಲ್ಲಿ, ಇರುಚಲು ಮಾತ್ರ ಹೊಡೆಯುವ ಜಾಗದಲ್ಲಿ ತೂಗುಹಾಕಿರುತ್ತೇನೆ. ಕುಂಡ ಮಣ್ಣಿನದ್ದು, ತೂತು ದೊಡ್ಡದು. ನಮ್ಮಲ್ಲಿ ಸುಕ್ಕಿನ ಕಾಟ ಕಡಿಮೆ, ಹಿಟ್ಟು ತಿಗಣೆಯದೇ ಜಾಸ್ತಿ. ಇರುವೆ ಸಾಲು ಬಳ್ಳಿ ಹತ್ತುತ್ತಿದೆ ಅಂದರೆ ಎಲೆಯ ಕಂಕುಳಲ್ಲಿ ಹತ್ತಿಯಂಥ ಬಿಳಿ ತಿಗಣೆ ಹುಡುಕಿ, ಇರುತ್ತದೆ. ಕಿವಿ ಕಡ್ಡಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ ಅದ್ದಿ ಒಂದೊಂದನ್ನೇ ಮುಟ್ಟಬೇಕು, ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಸಲ. ಬೇವಿನೆಣ್ಣೆ ಹೊಡೆದರೆ ಸಂಜೆ ಹೊಡೆಯಿರಿ. ಎಲೆ ಮುದುಡಿದ ಕಾಂಪ್ಯಾಕ್ಟಾ ತಳಿಗೆ ತಿಗಣೆ ಹತ್ತಿದರೆ ಮಾತ್ರ ದೇವರೇ ಗತಿ, ಒಂದೊಂದು ಮಡಿಕೆಯೂ ಅದಕ್ಕೆ ಒಂದೊಂದು ಕೋಣೆ. ನಾನೊಂದನ್ನು ಎಸೆದೇ ಬಿಟ್ಟೆ.

ಎಕ್ಕದ ಮಾತು ಬಂದದ್ದಕ್ಕೆ ನೆನಪಾಯಿತು. ಎಕ್ಕದ ತುದಿಯಲ್ಲಿ ಗುಂಪುಗಟ್ಟುವ ಹಳದಿ ಗಿಡಹೇನು ಹೋಯಾ ಚಿಗುರಿಗೂ ಬರುತ್ತದೆ. ಅದಕ್ಕೆ ಔಷಧ ಬೇಡ, ನಲ್ಲಿ ನೀರು ರಭಸಕ್ಕೆ ಬಿಟ್ಟು ತೊಳೆದರೆ ಸಾಕು.

ಬಿಸಿಲೂರು (ಕಲಬುರಗಿ)

ನಂದು ಉಲ್ಟಾ ಕೇಸ್. ಬೇರು ಬೆಳ್ಳಗೆ ಗಟ್ಟಿ ಇದೆ. ಶಿರಸಿಯವರು ಈ ಹಿಂದೆ ಹೇಳಿದ ಹಾಗೆ ಪೂರಾ ತೆಂಗಿನ ಸಿಪ್ಪೆ ಚೂರು, ಇದ್ದಿಲಿನಲ್ಲೇ ನೆಟ್ಟಿದ್ದೆ. ಏಪ್ರಿಲ್, ಮೇದಲ್ಲಿ ಇಲ್ಲಿ 42 ಡಿಗ್ರಿ. ಎಲೆ ಸುಕ್ಕಾಯ್ತು, ಮೊಗ್ಗು ಕಡಲೆಕಾಳಿನಷ್ಟಾಗಿ ಎಲ್ಲಾ ಉದುರಿದವು. ಭಾಳ ಬೇಜಾರಾಯ್ತು.

ಘಟ್ಟದ ಮೇಲೆ

ಶಿರಸಿಯ ಮಿಶ್ರಣ ಕಲಬುರಗಿಗೆ ಆಗೋದಿಲ್ಲ, ಅಲ್ವಾ? ನಿಮ್ಮದು ನಿಜವಾದ ಬಾಯಾರಿಕೆ. ನಮ್ಮಲ್ಲಿ ವಾರ ಒದ್ದೆ ಇರುವ ಸಿಪ್ಪೆ ಚೂರು ನಿಮ್ಮಲ್ಲಿ ಒಂದೇ ದಿನದಲ್ಲಿ ಒಣಗುತ್ತದೆ. ಕಾಲು ಭಾಗ ಕೋಕೋಪೀಟ್ ಸೇರಿಸಿ. ಮಣ್ಣಿನ ಕುಂಡ ಬಿಟ್ಟು ಪ್ಲಾಸ್ಟಿಕ್ ಬಳಸಿ. ಬೇಸಿಗೆಯಲ್ಲಿ ಅದನ್ನು ಇನ್ನೊಂದು ದೊಡ್ಡ ಮಣ್ಣಿನ ಕುಂಡದೊಳಗಿಟ್ಟು ಸಂದಿಗೆ ಒದ್ದೆ ಮರಳು ತುಂಬಿ, ನೀರಿನ ಮಡಕೆ ತಂಪಾಗುವ ಹಾಗೆ ಬೇರೂ ತಂಪಾಗಿರುತ್ತದೆ. ನೀರು ಸಂಜೆ ಹಾಕಿ. ಕಾರ್ನೋಸಾ ಕಳ್ಳಿಯ ಹಾಗೆ ಹೆಚ್ಚಾಗಿ ರಾತ್ರಿ ಹೊತ್ತು ಎಲೆಯ ರಂಧ್ರ ತೆರೆದು ಉಸಿರಾಡುವ ಗಿಡ. ಕೂಲರ್ ಗಾಳಿ ನೇರ ಹೊಡೆಯದಿರಲಿ. ಮೊಗ್ಗು ಕಂಡ ಮೇಲೆ ಕುಂಡವನ್ನು ಜಾಗ ಬದಲಿಸಬೇಡಿ, ಪೂರ್ತಿ ಒಣಗಲೂ ಬಿಡಬೇಡಿ. ಮೊಗ್ಗು ಉದುರಲು ಅಷ್ಟು ಸಾಕು.

ಬಿಸಿಲೂರು

ಹೋಯಾ ಲೀನಿಯಾರಿಸ್ ತರಿಸಲಾ? ಫೋಟೋದಲ್ಲಿ ಹಸಿರು ಜಡೆ ಇಳಿಬಿಟ್ಟ ಹಾಗೆ ಕಾಣ್ತದೆ.

ಘಟ್ಟದ ಮೇಲೆ

ಬೇಡ. ಅದು ಹಿಮಾಲಯದ ತಂಪಲ್ಲಿ ಬೆಳೆಯೋದು. ದುಡ್ಡು ದಂಡ.

ಹಿಮದ ಕಿಟಕಿ (ಎಡಿಸನ್, ನ್ಯೂಜೆರ್ಸಿ)

ನಮ್ಮಲ್ಲಿ ಇದೇ ಸುಕ್ಕು ಜನವರಿಯಲ್ಲಿ ಬರುತ್ತದೆ. ಹೊರಗೆ ಹಿಮ, ಒಳಗೆ ಹೀಟರ್. ಗಾಳಿ ಹಪ್ಪಳ ಒಣಗಿಸಬಹುದು ಅನ್ನೋ ಹಾಗಿರುತ್ತದೆ. ಮೊದಲ ವರ್ಷ ನಾನೂ ಎಲೆ ನೋಡಿ ನೀರು ಸುರಿದೆ. ಕುಂಡ ಕಿಟಕಿ ಗಾಜಿಗೆ ತಾಗಿತ್ತು, ಬೇರು ತಣ್ಣಗೆ ಕೊರೆಯುತ್ತಿತ್ತು. ತಣ್ಣಗಿನ ಬೇರು ನೀರು ಎಳೆಯೋದಿಲ್ಲ, ಎಳೆಯದ ನೀರು ಕುಂಡದಲ್ಲೇ ಕೂತು ಬೇರು ಕೊಳೆಸಿತು. ಈಗ ಕುಂಡವನ್ನು ಗಾಜಿನಿಂದ ಒಂದು ಅಡಿ ಈಚೆ ಇಡುತ್ತೇನೆ. ಚಳಿಗಾಲದಲ್ಲಿ ಮೂರು ವಾರಕ್ಕೊಮ್ಮೆ ನೀರು, ಅದೂ ಉಗುರು ಬೆಚ್ಚಗೆ. ಗೊಬ್ಬರ ಇಲ್ಲ.

ಕಾರ್ನೋಸಾ ಸ್ವಲ್ಪ ಚಳಿ ತಡೆಯುತ್ತದೆ, ಆದರೂ ರಾತ್ರಿ 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಮೊದಲೇ ಡೆಕ್‌ನಿಂದ ಒಳಗೆ ತರುತ್ತೇನೆ. ನನ್ನದು ನಾಲ್ಕನೇ ವರ್ಷಕ್ಕೆ ಹೂ ಬಿಟ್ಟಿತು. ರಾತ್ರಿ ಇಡೀ ಹಾಲ್ ಘಮ ಘಮ, ಕಾರ್ಪೆಟ್ ಮೇಲೆ ಮಕರಂದದ ಅಂಟು. ಹೂ ಬಾಡಿದ ಮೇಲೆ ಆ ಮೋಟು ತೊಟ್ಟನ್ನು ಕತ್ತರಿಸಬೇಡಿ, ಮುಂದಿನ ಸಲ ಅದರಿಂದಲೇ ಹೂ ಬರುತ್ತದೆ. ನಮ್ಮ ಮನೆಯವರು ಸ್ವಚ್ಛ ಮಾಡುತ್ತೇನೆ ಅಂತ ಕತ್ತರಿಸಿದರು. ಆ ವಿಷಯ ಈಗ ಬೇಡ.

ಹೊಸಬಿ (ಮೈಸೂರು)

ನನ್ನ ಹತ್ತಿರ ಇರೋದು ಹೃದಯದ ಆಕಾರದ ಒಂದೇ ಎಲೆ. ಪ್ರೇಮಿಗಳ ದಿನಕ್ಕೆ ಉಡುಗೊರೆ ಬಂದದ್ದು. ಒಂದೂವರೆ ವರ್ಷ ಆಯಿತು, ಹಾಗೇ ಇದೆ. ಬಳ್ಳಿ ಯಾವಾಗ ಬರುತ್ತದೆ?

ಕಡಲ ಬದಿ (ಮಂಗಳೂರು)

ಅದು ಹೋಯಾ ಕೆರಿ. ಎಲೆಯ ತೊಟ್ಟಿನ ಜೊತೆ ಕಾಂಡದ ಗೆಣ್ಣು ಇಲ್ಲದಿದ್ದರೆ ಬೇರು ಬಿಡುತ್ತದೆ, ವರ್ಷಗಟ್ಟಲೆ ಬದುಕುತ್ತದೆ, ಚಿಗುರೋದಿಲ್ಲ. ಕೊಟ್ಟವರನ್ನು ಬೈಯಬೇಡಿ, ಅವರಿಗೂ ಗೊತ್ತಿರಲಿಲ್ಲ.

ಮೂರನೇ ಮಹಡಿ, ಸೆಪ್ಟೆಂಬರ್ 16

ಎಲ್ಲರಿಗೂ ಥ್ಯಾಂಕ್ಸ್. ವರದಿ ಒಪ್ಪಿಸುತ್ತಿದ್ದೇನೆ. ನಾಲ್ಕು ತುಂಡು ಹಾಕಿದ್ದೆ, ಮೂರು ಬೇರು ಬಿಟ್ಟಿವೆ. ಪಾಚಿ ಬಿಡಿಸಿ ನೋಡಿದರೆ ಶ್ಯಾವಿಗೆಯಷ್ಟು ದಪ್ಪದ ಬಿಳಿ ಬೇರು, ಎರಡು ಇಂಚು. ಸತ್ತದ್ದು ಯಾವುದು ಗೊತ್ತಾ? ನೀವು ಬೇಡ ಅಂದರೂ ಆಸೆಗೆ ಹಾಕಿದ್ದ ಪೂರ್ತಿ ಗುಲಾಬಿ ಎಲೆಯದ್ದು.

ಎರಡು ಪಾಲು ತೆಂಗಿನ ಸಿಪ್ಪೆ ಚೂರು, ಒಂದು ಪಾಲು ಇದ್ದಿಲು, ಒಂದು ಪಾಲು ಇಟ್ಟಿಗೆ ಚೂರು, ಒಂದು ಹಿಡಿ ಎರೆಗೊಬ್ಬರ ಹಾಕಿ ನೆಟ್ಟಿದ್ದೇನೆ. ಸಿಪ್ಪೆಯನ್ನು ನೀರು ಕಾಫಿ ಬಣ್ಣ ಬಿಡೋದು ನಿಲ್ಲುವವರೆಗೆ ನೆನೆಸಿ ತೊಳೆದೆ, ಮೂರು ದಿನ ಹಿಡಿಯಿತು. ಪಿಂಗಾಣಿ ಕುಂಡದಲ್ಲಿ ಈಗ ಬಟ್ಟೆ ಕ್ಲಿಪ್‌ಗಳಿವೆ.

ಒಂದು ಅನುಮಾನ. ಒಂದು ಗಿಡದಿಂದ ಎಲೆಯೇ ಇಲ್ಲದ ಬೋಳು ಬಳ್ಳಿ ಹೊರಗೆ ಬಂದು ಗಾಳಿಯಲ್ಲಿ ಅಲ್ಲಾಡುತ್ತಿದೆ. ಶಕ್ತಿ ದಂಡ ಮಾಡುತ್ತಿದೆ ಅಂತ ಯೂಟ್ಯೂಬ್‌ನಲ್ಲಿ ಯಾರೋ ಹೇಳಿದರು. ಕತ್ತರಿಸಲಾ?

ಘಟ್ಟದ ಮೇಲೆ

ಕತ್ತರಿ ಕೆಳಗಿಡಿ. ಹೋಯಾ ಮೊದಲು ಬಳ್ಳಿ ಕಳಿಸಿ ಹಿಡಿಯಲು ಮರ ಹುಡುಕುತ್ತದೆ, ಎಲೆ ಆಮೇಲೆ ಬರುತ್ತದೆ. ಮುಂದೆ ಹೂವಿನ ತೊಟ್ಟೂ ಅದರಲ್ಲೇ ಬರಬಹುದು. ಬಾಲ್ಕನಿ ಕಂಬಿಗೆ ಒಂದು ದಾರ ಕಟ್ಟಿಕೊಡಿ.