ಎಫ್‌ಇಎಂ: ಉತ್ತರ ಬರ್ತಿದೆ, ಯಾಕೆ ಬರ್ತಿದೆ ಅಂತ ಗೊತ್ತಾಗ್ತಿಲ್ಲ

ಹಾವೇರಿ_ಮೆಕ್:

ನಮಸ್ಕಾರ. ಮೆಕ್ಯಾನಿಕಲ್ 6ನೇ ಸೆಮ್‌ನಲ್ಲಿದ್ದೀನಿ. ಫೈನೈಟ್ ಎಲಿಮೆಂಟ್ (ಎಫ್‌ಇಎಂ, ವಸ್ತುವನ್ನು ಸಣ್ಣ ತುಂಡು ಮಾಡಿ ಲೆಕ್ಕ ಹಾಕೋ ವಿಧಾನ) ಪೇಪರ್‌ನಲ್ಲಿ ಇಂಟರ್ನಲ್ಸ್ ಮಾರ್ಕ್ಸ್ ಚೆನ್ನಾಗೇ ಬಂದಿದೆ. ಬಾರ್, ಟ್ರಸ್ ಯಾವುದು ಕೊಟ್ಟರೂ ಸ್ಟಿಫ್‌ನೆಸ್ (ಬಿಗಿತ, ಅಂದ್ರೆ ಇಷ್ಟು ಸರಿಸೋಕೆ ಎಷ್ಟು ಬಲ ಬೇಕು ಅನ್ನೋದು) ಮ್ಯಾಟ್ರಿಕ್ಸ್ ಬರೆದು ಉತ್ತರ ತರ್ತೀನಿ. ಆದರೆ ಯಾಕೆ ಹಾಗೆ ಅಂತ ಯಾರಾದ್ರೂ ಕೇಳಿದ್ರೆ ಬಾಯಿ ಕಟ್ಟುತ್ತೆ. ಎರಡು ವಿಷಯ ತಲೆ ತಿಂತಿವೆ.

ಗ್ಲೋಬಲ್ ಮ್ಯಾಟ್ರಿಕ್ಸ್ ಜೋಡಿಸಿದ ಮೇಲೆ, ಫಿಕ್ಸ್ ಆಗಿರೋ ನೋಡ್‌ನ (ತುಂಡುಗಳು ಸೇರೋ ಬಿಂದು) ಸಾಲು ಮತ್ತು ಕಾಲಂ ಹೊಡೆದುಹಾಕಿ ಅಂತಾರೆ. ಅಷ್ಟು ಕಷ್ಟಪಟ್ಟು ಬರೆದದ್ದನ್ನ ಹೊಡೆದುಹಾಕೋದು ಯಾಕೆ?

ಇನ್ನೊಂದು ಲ್ಯಾಬ್‌ದು. ಎಲ್ ಆಕಾರದ ಬ್ರಾಕೆಟ್, ಒಳಮೂಲೆ ಚೂಪಾಗಿದೆ. ಮೆಶ್ (ತುಂಡುಗಳ ಜಾಲ) ಅಳತೆ 10 ಮಿ.ಮೀ. ಇಟ್ಟಾಗ ಮೂಲೆಯಲ್ಲಿ ಸ್ಟ್ರೆಸ್ 96 ಎಂಪಿಎ ಬಂತು, 5ಕ್ಕೆ ಇಳಿಸಿದ್ರೆ 131, 2.5ಕ್ಕೆ 180. ರೆಕಾರ್ಡ್‌ನಲ್ಲಿ ಯಾವುದು ಬರೀಲಿ? ಕ್ಲಾಸಲ್ಲಿ ಕೇಳಿದೆ, ಪೋರ್ಷನ್ ಮುಗೀಲಿ ಆಮೇಲೆ ನೋಡೋಣ ಅಂದ್ರು.

ಮೆಶ್_ಕೆಲಸ:

ತಮ್ಮಾ, ಎರಡೂ ಸರಿಯಾದ ಜಾಗಕ್ಕೆ ಕೈ ಹಾಕಿರುವ ಪ್ರಶ್ನೆಗಳು. ನಾನು ಬೆಂಗಳೂರಿನಲ್ಲಿ ಸಿಎಇ (ಕಂಪ್ಯೂಟರ್‌ನಲ್ಲಿ ಎಂಜಿನಿಯರಿಂಗ್ ವಿಶ್ಲೇಷಣೆ) ಕೆಲಸ ಮಾಡ್ತೀನಿ. ಹೊಸಬರ ಇಂಟರ್ವ್ಯೂಗೆ ಕೂತಾಗ ನಾನು ಕೇಳೋದೂ ಇವನ್ನೇ. ಶೇಪ್ ಫಂಕ್ಷನ್ ಸೂತ್ರಗಳನ್ನು ಗಡಗಡ ಒಪ್ಪಿಸ್ತಾರೆ, ಇಲ್ಲಿಗೆ ಬಂದರೆ ನಿಂತುಬಿಡ್ತಾರೆ.

ಮೊದಲನೆಯದಕ್ಕೆ ಒಂದು ಹಾಳೆ ತಗೊಳ್ಳಿ. ಉಕ್ಕಿನ ಸ್ಟೆಪ್ಡ್ ಬಾರ್, ತಲಾ 500 ಮಿ.ಮೀ. ಉದ್ದದ ಎರಡು ತುಂಡು. ಗೋಡೆ ಕಡೆಯ ತುಂಡಿನ ಅಡ್ಡಕೊಯ್ತ 200 ಚದರ ಮಿ.ಮೀ., ಹೊರಗಿನದು 100. ಇ (ಯಂಗ್ ಮಾಡ್ಯುಲಸ್) ಬೆಲೆ 200 ಜಿಪಿಎ. ತುದಿಯಲ್ಲಿ 10 ಕಿಲೋನ್ಯೂಟನ್ ಎಳೆತ. ಮೊದಲ ತುಂಡಿನ ಸ್ಟಿಫ್‌ನೆಸ್ ಮಿ.ಮೀ.ಗೆ 80,000 ನ್ಯೂಟನ್, ಎರಡನೆಯದು 40,000. ಜೋಡಿಸಿದರೆ ಮೂರು ಸಾಲು, ಸಾವಿರಗಳಲ್ಲಿ ಹೀಗೆ:

80, −80, 0
−80, 120, −40
0, −40, 40

ಈಗ ಪ್ರತಿ ಸಾಲನ್ನೂ ಕೂಡಿಸಿ ನೋಡಿ. ಮೂರೂ ಸೊನ್ನೆ. ಅಂದರೆ ಮೂರೂ ನೋಡ್‌ಗಳನ್ನು ಒಟ್ಟಿಗೆ 5 ಮಿ.ಮೀ. ಸರಿಸಿದರೆ ಬೇಕಾಗುವ ಬಲ ಸೊನ್ನೆ. ನ್ಯಾಯವೇ, ಯಾರೂ ಹಿಡಿದಿಲ್ಲದ ಸರಳು ಎಲ್ಲಿಗೆ ಬೇಕಾದರೂ ಹೋಗಬಹುದು. ಅದಕ್ಕೇ ಡಿಟರ್ಮಿನೆಂಟ್ ಸೊನ್ನೆ, ಅದಕ್ಕೇ ಇನ್ವರ್ಸ್ ಇಲ್ಲ. ಸರಳು ಎಲ್ಲಿದೆ ಅಂತ ನೀವು ಹೇಳದೆ ಮ್ಯಾಟ್ರಿಕ್ಸ್‌ಗೆ ಗೊತ್ತಾಗೋದಿಲ್ಲ. ಗೋಡೆಯನ್ನು ಲೆಕ್ಕದೊಳಗೆ ತರೋದು ಅಂದರೆ ಇದೇ.

ಮೊದಲ ನೋಡ್‌ನ ಚಲನೆ ಸೊನ್ನೆ ಅಂದಮೇಲೆ ಮೊದಲ ಕಾಲಂ ಸೊನ್ನೆಯಿಂದ ಗುಣಿಸಲ್ಪಡುತ್ತೆ, ಇದ್ದರೂ ಒಂದೇ ಹೋದರೂ ಒಂದೇ. ಉಳಿದದ್ದನ್ನು ಬಿಡಿಸಿದರೆ ಎರಡನೇ ನೋಡ್ 0.125 ಮಿ.ಮೀ., ಮೂರನೆಯದು 0.375 ಮಿ.ಮೀ. ಆದರೆ ಸಾಲನ್ನು ಮಾತ್ರ ಎಸೆಯಬೇಡಿ, ಪಕ್ಕಕ್ಕಿಡಿ. ಅದರಲ್ಲಿ ಒಂದು ಅಪರಿಚಿತ ಇನ್ನೂ ಉಳಿದಿದೆ: ಗೋಡೆ ಕೊಡುವ ಪ್ರತಿಬಲ. −80,000ವನ್ನು 0.125ರಿಂದ ಗುಣಿಸಿ, −10,000 ನ್ಯೂಟನ್. ಎಳೆದದ್ದು 10 ಕಿಲೋನ್ಯೂಟನ್, ಗೋಡೆ ವಾಪಸ್ ಎಳೆದದ್ದೂ ಅಷ್ಟೇ. ನಾನು ಇವತ್ತಿಗೂ ದೊಡ್ಡ ಮಾಡೆಲ್ ಓಡಿಸಿದಾಗ ಬಣ್ಣದ ಚಿತ್ರ ತೆರೆಯೋ ಮೊದಲು ರಿಯಾಕ್ಷನ್‌ಗಳ ಮೊತ್ತ ನೋಡ್ತೀನಿ. ಅದು ಹಾಕಿದ ಲೋಡ್‌ಗೆ ತಾಳೆಯಾಗದಿದ್ದರೆ ಮುಂದಿನದನ್ನು ನೋಡಿ ಪ್ರಯೋಜನವಿಲ್ಲ.

ಸಪೋರ್ಟ್ 0.1 ಮಿ.ಮೀ. ಜರುಗಿದೆ ಅಂತ ಪರೀಕ್ಷೆಯಲ್ಲಿ ಕೊಟ್ಟರೆ ಕಾಲಂ ಹೊಡೆದುಹಾಕಬಾರದು. 0.1ರಿಂದ ಗುಣಿಸಿ ಬಲಗಡೆಗೆ ದಾಟಿಸಬೇಕು. ತುಂಬಾ ಜನ ಇಲ್ಲಿ ಮಾರ್ಕ್ಸ್ ಕಳ್ಕೋತಾರೆ.

ಇನ್ನು ಬ್ರಾಕೆಟ್. ನಿಮ್ಮ ಅಂಕಿಗಳನ್ನೇ ನೋಡಿ: 96ರಿಂದ 131, 131ರಿಂದ 180, ಎರಡು ಸಲವೂ ಸುಮಾರು 1.37 ಪಟ್ಟು. ಇದು ಕಾಕತಾಳೀಯವಲ್ಲ. ಹೀಗೆ ಒಳಕ್ಕೆ ತಿರುಗಿದ 90 ಡಿಗ್ರಿ ಚೂಪು ಮೂಲೆಯಲ್ಲಿ ಎಲಾಸ್ಟಿಸಿಟಿ ಸಿದ್ಧಾಂತದ ಪ್ರಕಾರ ಸ್ಟ್ರೆಸ್ ಅನಂತ. 1952ರಲ್ಲಿ ವಿಲಿಯಮ್ಸ್ ಅನ್ನುವವರು ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. ಮೂಲೆಗೆ ಹತ್ತಿರವಾದಂತೆ ದೂರದ ಸುಮಾರು −0.455 ಘಾತದಲ್ಲಿ ಏರುತ್ತೆ. ಎರಡರ 0.455 ಘಾತ ತೆಗೆದರೆ 1.37. ಮೆಶ್ ಅರ್ಧ ಮಾಡಿದಾಗಲೆಲ್ಲ ನಿಮಗೆ ಅದೇ ಸಿಗ್ತಿದೆ. ಹಾಗಾಗಿ 96, 131, 180 ಯಾವುದೂ ಉತ್ತರವಲ್ಲ. ಸಾಫ್ಟ್‌ವೇರ್ ತಪ್ಪು ಮಾಡ್ತಿಲ್ಲ, ನೀವು ಬರೆದುಕೊಟ್ಟ ಜ್ಯಾಮಿತಿಗೆ ಅಲ್ಲಿ ಉತ್ತರವೇ ಇಲ್ಲ. ಡ್ರಾಯಿಂಗ್‌ನಲ್ಲಿ ಫಿಲೆಟ್ (ಮೂಲೆಯ ದುಂಡು ಬಾಗು) ಇದ್ದೇ ಇರುತ್ತೆ, ಅದನ್ನು ಹಾಕಿ. ಆ ಬಾಗಿನ ಸುತ್ತ ಏಳೆಂಟು ಎಲಿಮೆಂಟ್ ಬರೋ ಹಾಗೆ ಮೆಶ್ ಮಾಡಿ, ಆಮೇಲೆ ಸಣ್ಣ ಮಾಡ್ತಾ ಹೋಗಿ.

ಸ್ಟ್ರಕ್ಚರ್ಸ್_ಮೇಡಂ:

ಮೇಲಿನ ಉತ್ತರಕ್ಕೆ ನನ್ನ ಪೂರ್ಣ ಸಹಮತ. ನಾನು ಸಿವಿಲ್‌ನವರಿಗೆ ಇದೇ ವಿಷಯ ಪಾಠ ಮಾಡುತ್ತೇನೆ. ನಮ್ಮಲ್ಲಿ ಮೊದಲ ತರಗತಿಯಲ್ಲೇ ಸ್ಲೈಪ್ನರ್ ಎ ಬಗ್ಗೆ ಹೇಳುತ್ತೇನೆ. 1991ರ ಆಗಸ್ಟ್ 23ರಂದು ನಾರ್ವೆಯ ಸ್ಟಾವಂಗರ್ ಹತ್ತಿರದ ಫ್ಯೋರ್ಡ್‌ನಲ್ಲಿ, ಸಮುದ್ರದ ಈ ತೈಲ-ಅನಿಲ ಪ್ಲಾಟ್‌ಫಾರ್ಮ್‌ನ ಕಾಂಕ್ರೀಟ್ ತಳವನ್ನು ನೀರಿಗೆ ಇಳಿಸುತ್ತಿದ್ದಾಗ ಗೋಡೆ ಬಿರಿದು ಪೂರ್ತಿ ಮುಳುಗಿತು. ಮೂರು ದೊಡ್ಡ ಸಿಲಿಂಡರ್‌ಗಳ ನಡುವೆ ಉಳಿಯುವ ಮೂರುಮೂಲೆಯ ಕೋಶಗಳ ಜಾಗದಲ್ಲಿ ಮೆಶ್ ಒರಟಾಗಿತ್ತು, ಆಕಾರ ಕೆಟ್ಟಿತ್ತು. ಶಿಯರ್ (ಕತ್ತರಿಸುವಂತೆ ಜಾರಿಸುವ) ಸ್ಟ್ರೆಸ್ ಲೆಕ್ಕದಲ್ಲಿ ಶೇ. 47ರಷ್ಟು ಕಡಿಮೆ ಬಂದಿತ್ತು. ಆಮೇಲೆ ಸರಿಯಾಗಿ ಮಾಡಿದ ವಿಶ್ಲೇಷಣೆ 62 ಮೀಟರ್ ಆಳದಲ್ಲಿ ಒಡೆಯುತ್ತದೆ ಎಂದಿತು. ನಿಜವಾಗಿ ಒಡೆದದ್ದು 65 ಮೀಟರ್‌ನಲ್ಲಿ. ವಿಧಾನದ ಶಕ್ತಿ ಎಷ್ಟೆಂದು ಆ ಎರಡು ಅಂಕಿಗಳಲ್ಲೇ ಕಾಣುತ್ತದೆ.

ನೀವು ಒಂದು ಕೆಲಸ ಮಾಡಿ. 1 ಮೀಟರ್ ಕ್ಯಾಂಟಿಲಿವರ್, 20 ಮಿ.ಮೀ. ಅಗಲ, 40 ಮಿ.ಮೀ. ಎತ್ತರ, ಉಕ್ಕು, ತುದಿಯಲ್ಲಿ 100 ನ್ಯೂಟನ್. ಸೂತ್ರದ ಪ್ರಕಾರ 1.56 ಮಿ.ಮೀ. ಬಾಗಬೇಕು. ಇದನ್ನೇ ಮೂರು ನೋಡ್‌ನ ತ್ರಿಕೋನಗಳ ಒಂದೇ ಪದರದಲ್ಲಿ ಮಾಡಿ. ಆಕ್ಟೇವ್ ಎಂಬ ಉಚಿತ ಗಣಿತ ತಂತ್ರಾಂಶದಲ್ಲಿ ನೀವೇ ಕೋಡ್ ಬರೆದರೆ ಇನ್ನೂ ಒಳ್ಳೆಯದು. ಜೋಡಿಸುವ ಲೂಪ್ ಒಮ್ಮೆ ಕೈಯಾರೆ ಬರೆದವರಿಗೆ ಅಸೆಂಬ್ಲಿ ಮತ್ತೆ ಮರೆಯುವುದಿಲ್ಲ.

ಹಾವೇರಿ_ಮೆಕ್:

ಸರ್, ಮೇಡಂ, ತುಂಬಾ ಥ್ಯಾಂಕ್ಸ್. 5 ಮಿ.ಮೀ. ಫಿಲೆಟ್ ಹಾಕಿದೆ. ಮೆಶ್ 2, 1, 0.5 ಇಟ್ಟಾಗ 148, 156, 158 ಬಂತು. ಈಗ ನಿಂತಿದೆ. ರಿಯಾಕ್ಷನ್ ಮೊತ್ತವೂ ತಾಳೆ ಆಯ್ತು.

ಬೀಮ್ ಆಕ್ಟೇವ್‌ನಲ್ಲೇ ಮಾಡಿದೆ. 40 ಮಿ.ಮೀ. ಚೌಕಗಳನ್ನು ಕರ್ಣದಲ್ಲಿ ಕೊಯ್ದು 50 ತ್ರಿಕೋನ. ಬಾಗಿದ್ದು 0.35 ಮಿ.ಮೀ. ಅಷ್ಟೇ! ಕೋಡ್ ಸರಿ ಇದೆ, ಬಾರ್ ತರ ಎಳೆದಾಗ ಕರೆಕ್ಟ್ ಉತ್ತರ ಕೊಡ್ತಿದೆ. ನಾಲ್ಕನೇ ಒಂದು ಭಾಗವೂ ಬಂದಿಲ್ಲವಲ್ಲ, ಯಾಕೆ?

ಮೆಶ್_ಕೆಲಸ:

ಭೇಷ್! ಎಳೆದು ಪರೀಕ್ಷೆ ಮಾಡಿದ್ದು ನನಗೆ ಬಹಳ ಖುಷಿಯಾಯ್ತು, ಕೋಡನ್ನು ಹಾಗೆ ಪರೀಕ್ಷಿಸಿದ ಮೇಲೆಯೇ ನಂಬಬೇಕು.

ಮೂರು ನೋಡ್‌ನ ತ್ರಿಕೋನದೊಳಗೆ ಚಲನೆ ನೇರರೇಖೆಯಲ್ಲಿ ಬದಲಾಗುತ್ತೆ, ಹಾಗಾಗಿ ಸ್ಟ್ರೇನ್ (ಮೂಲ ಅಳತೆಗೆ ಹೋಲಿಸಿದ ಹಿಗ್ಗು-ಕುಗ್ಗು) ಇಡೀ ತ್ರಿಕೋನಕ್ಕೆ ಒಂದೇ ಬೆಲೆ. ಎಳೆದಾಗ ಸ್ಟ್ರೇನ್ ನಿಜವಾಗಿಯೂ ಎಲ್ಲ ಕಡೆ ಒಂದೇ, ಅದಕ್ಕೆ ಉತ್ತರ ಸರಿ ಬಂತು. ಬಾಗಿದಾಗ ಮೇಲಂಚು ಹಿಗ್ಗಬೇಕು, ಕೆಳಗಂಚು ಕುಗ್ಗಬೇಕು, ನಡುವೆ ಸೊನ್ನೆ. ನಿಮ್ಮ ತ್ರಿಕೋನಕ್ಕೆ ಆ ಇಳಿಜಾರು ತೋರಿಸೋಕೆ ಆಗಲ್ಲ. ಅಂಚಿನ ಸ್ಟ್ರೇನ್ ಅನ್ನೇ ತನ್ನ ಮೈಯೆಲ್ಲ ಹೊತ್ತುಕೊಳ್ಳುತ್ತೆ. ಅದು ಸಾಲದು ಅಂತ ಇಲ್ಲದ ಶಿಯರ್ ಬೇರೆ ಹುಟ್ಟುತ್ತೆ. ಅಷ್ಟೂ ಶಕ್ತಿ ತುಂಬೋದಕ್ಕೆ ಹೆಚ್ಚು ಬಲ ಬೇಕು, ನಿಮ್ಮ ಹತ್ತಿರ ಇರೋದು 100 ನ್ಯೂಟನ್. ಅದಕ್ಕೇ ಬೀಮ್ ಬಿಗಿಯಾಗಿ ಕೂತಿದೆ.

ಈಗ ಎತ್ತರಕ್ಕೆ ಪದರ ಹೆಚ್ಚಿಸ್ತಾ ಹೋಗಿ: ಎರಡು, ನಾಲ್ಕು, ಎಂಟು. ಉದ್ದಕ್ಕೂ ಅದೇ ಅಳತೆಯಲ್ಲಿ ಸಣ್ಣ ಮಾಡಿ. 1.56ರ ಕಡೆಗೆ ಕೆಳಗಿನಿಂದ ಏರ್ತಾ ಬರುತ್ತೆ. ಆಮೇಲೆ ಅಂಚುಗಳ ಮಧ್ಯದಲ್ಲೂ ನೋಡ್ ಇರೋ ಆರು ನೋಡ್‌ನ ತ್ರಿಕೋನ ಹಾಕಿ, ಒಂದೇ ಪದರದಲ್ಲಿ ಎಷ್ಟು ಬರುತ್ತೆ ನೋಡಿ ಇಲ್ಲೇ ಬರೀರಿ. ನಾಲ್ಕು ನೋಡ್‌ನ ಚೌಕಕ್ಕೂ ಇದೇ ಕಾಯಿಲೆ ಇದೆ, ಸ್ವಲ್ಪ ಕಡಿಮೆ; ಅದನ್ನು ಗಾಸ್ ಬಿಂದುಗಳ ಪಾಠ ಮುಗಿದ ಮೇಲೆ ಮಾತಾಡೋಣ.